ಹಡಗು ಹೊರಡುವ ದಿನವೇ ಹಡಗಿನಲ್ಲಿ ಮದುವೆ: ಒಂದು ಕ್ರೂಸ್ ಕಂಪನಿಯ ವಿವಾಹ ಸೇವೆಯ ವಿಮರ್ಶೆ

ನನ್ನ ತಂಗಿಯ ಮದುವೆ ಫ್ಲಾರಿಡಾದ ಬಂದರೊಂದರಲ್ಲಿ ನಿಂತಿದ್ದ ಕ್ರೂಸ್ ಹಡಗಿನಲ್ಲಿ, ಅದೂ ಹಡಗು ಲಂಗರೆತ್ತುವ ದಿನವೇ ನಡೆಯಿತು. ಹಡಗಿನ ಕಂಪನಿಯೇ ಮಾರುವ ವಿವಾಹ ಪ್ಯಾಕೇಜನ್ನು ಕೊಂಡಿದ್ದೆವು. ಪತ್ರ ವ್ಯವಹಾರ, ಪಟ್ಟಿ, ಓಡಾಟ ಎಲ್ಲ ನನ್ನ ಪಾಲಿಗೆ ಬಂದಿತ್ತು. ದೂರುಗಳೂ ಇರುವುದರಿಂದ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಕರಪತ್ರದಲ್ಲಿ ಹೂವು, ಕೇಕು, ಛಾಯಾಗ್ರಾಹಕ, ಸಭಾಂಗಣ ಎಂದು ಉದ್ದದ ಪಟ್ಟಿಯೇ ಇತ್ತು. ಅವೆಲ್ಲ ಹೇಳಿದಂತೆಯೇ ಬಂದವು, ಅವುಗಳ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ. ಈ ಸೇವೆಯನ್ನು ಅಳೆಯಬೇಕಾದದ್ದು ಗಡಿಯಾರದಿಂದ ಎಂಬುದು ನನಗೆ ಆ ದಿನ ಮಧ್ಯಾಹ್ನ ಅರ್ಥವಾಯಿತು.

ಸಮುದ್ರದ ನಡುವೆ ಮದುವೆಯಾಗುವ ಅವಕಾಶವಿದ್ದರೂ ಹೊರಡುವ ದಿನವನ್ನೇ ಆರಿಸಿದ್ದಕ್ಕೆ ಒಂದೇ ಕಾರಣ: ಬಂಧುಗಳಲ್ಲಿ ಹೆಚ್ಚಿನವರಿಗೆ ಏಳು ದಿನ ಪ್ರಯಾಣ ಮಾಡುವಷ್ಟು ರಜೆಯಾಗಲಿ, ಆರೋಗ್ಯವಾಗಲಿ ಇರಲಿಲ್ಲ. ಹಡಗು ಬಂದರಿನಲ್ಲಿರುವಾಗ ನಡೆಯುವ ಮದುವೆಗೆ ಅವರು ಸಂದರ್ಶಕರಾಗಿ ಹತ್ತಿ, ಊಟ ಮುಗಿಸಿ, ಇಳಿದು ಹೋಗಬಹುದು. ನಮ್ಮ ಕಡೆಯಿಂದ ಹಾಗೆ ಬಂದವರು 22 ಜನ. ಪ್ರಯಾಣ ಹೊರಟವರು 9 ಜನ ಮಾತ್ರ.

ಹಡಗಿನಲ್ಲಿ ಮದುವೆ ಎಂದೊಡನೆ ಬಿಳಿ ಸಮವಸ್ತ್ರದ ಕ್ಯಾಪ್ಟನ್ ಮುಂದೆ ನಿಂತು ಮದುವೆ ಮಾಡಿಸುತ್ತಾರೆ ಎಂದು ನಾವೂ ಅಂದುಕೊಂಡಿದ್ದೆವು. ಕ್ಯಾಪ್ಟನ್‌ನ ಆ ಅಧಿಕಾರ ಹಡಗು ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ ಕಾನೂನಿನಿಂದ ಬರುತ್ತದೆ, ಮತ್ತು ಅದು ನಡೆಯುವುದು ಸಮುದ್ರದ ಮೇಲೆ. ಬರ್ಮುಡಾ ದ್ವೀಪದ ಕಾನೂನು ಇದಕ್ಕೆ ಅವಕಾಶ ಕೊಡುತ್ತದೆ, ಬ್ರಿಟನ್ನಿನದು ಕೊಡುವುದಿಲ್ಲ. ಕುನಾರ್ಡ್ ಎಂಬ ಕ್ರೂಸ್ ಕಂಪನಿ 2011ರಲ್ಲಿ ತನ್ನ ಹಡಗುಗಳ ನೋಂದಣಿಯನ್ನು ಬ್ರಿಟನ್ನಿನಿಂದ ಬರ್ಮುಡಾಕ್ಕೆ ವರ್ಗಾಯಿಸಿದಾಗ ಹೇಳಿದ ಕಾರಣಗಳಲ್ಲಿ ಇದೂ ಒಂದು. ಆದರೆ ಹಡಗು ಬಂದರಿಗೆ ಕಟ್ಟಿಕೊಂಡು ನಿಂತಿರುವ ತನಕ ನಡೆಯುವುದು ಆ ನೆಲದ ಕಾನೂನು. ಇಂಗ್ಲೆಂಡಿನಲ್ಲಿ ಶಾಶ್ವತವಾಗಿ ಕಟ್ಟಿಹಾಕಿದ ಹಡಗಿಗಷ್ಟೇ ವಿವಾಹ ಸ್ಥಳವೆಂಬ ಅನುಮತಿ ಸಿಗುವುದರಿಂದ, ಪ್ರಯಾಣ ಹೊರಡುವ ಹಡಗಿನಲ್ಲಿ ಅಲ್ಲಿ ನಮ್ಮಂತೆ ಕಾನೂನುಬದ್ಧ ಮದುವೆ ಮಾಡಲಾಗದು. ಫ್ಲಾರಿಡಾ ಈ ವಿಷಯದಲ್ಲಿ ಉದಾರಿ. ವಧೂವರರು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕ್ಲರ್ಕ್ ಕಚೇರಿಯಿಂದ ಮದುವೆಯ ಲೈಸೆನ್ಸ್ ಪಡೆಯಬೇಕು. ಅದು 60 ದಿನ ಊರ್ಜಿತ. ಅಲ್ಲಿನ ನಿವಾಸಿಗಳು ವಿವಾಹಪೂರ್ವ ತರಗತಿಗೆ ಹೋಗಿರದಿದ್ದರೆ 3 ದಿನ ಕಾಯಬೇಕು, ಹೊರಗಿನವರಿಗೆ ಆ ಕಾಯುವಿಕೆ ಇಲ್ಲ. ಮದುವೆಯನ್ನು ನೋಟರಿಯೇ ಮಾಡಿಸಬಹುದು. ಕಂಪನಿ ನಮಗೆ ಗೊತ್ತುಮಾಡಿದ್ದೂ ಒಬ್ಬ ನೋಟರಿಯನ್ನೇ. ಕ್ಯಾಪ್ಟನ್ ಕೊನೆಯಲ್ಲಿ ಬಂದು ಫೋಟೋಗೆ ನಿಂತರು.

ಇಷ್ಟು ಮಾಹಿತಿಯನ್ನು ಕಂಪನಿ ಮೊದಲ ದಿನವೇ ಒಂದು ಹಾಳೆಯಲ್ಲಿ ಕೊಡಬಹುದಿತ್ತು. ಕೊಡಲಿಲ್ಲ. ದಡದ ಮೇಲಿನ ವಿವಾಹ ವಿಭಾಗ ಬೇರೆ, ಹಡಗಿನಲ್ಲಿರುವ ಕೋಆರ್ಡಿನೇಟರ್ ಬೇರೆ. ನಮ್ಮೊಡನೆ ಐದು ತಿಂಗಳು ಇಮೇಲ್ ವ್ಯವಹಾರ ನಡೆಸಿದ್ದು ದಡದ ಕಚೇರಿಯವರು. ಮೂರು ಬಾರಿ ಸಿಬ್ಬಂದಿ ಬದಲಾದರು, ಪ್ರತಿ ಬಾರಿಯೂ ನಾವು ಕಥೆಯನ್ನು ಮೊದಲಿನಿಂದ ಹೇಳಿದೆವು. ಹೂವಿನ ಬಣ್ಣದ ಬಗ್ಗೆ ಒಂಬತ್ತು ಇಮೇಲ್ ಬಂದವು, ಅತಿಥಿಗಳು ಎಷ್ಟು ಹೊತ್ತಿಗೆ ಟರ್ಮಿನಲ್‌ಗೆ ಬರಬೇಕು ಎಂಬುದಕ್ಕೆ ಒಂದು ಬಂತು, ಅದರಲ್ಲಿದ್ದ ಸಮಯವೂ ತಪ್ಪಾಗಿತ್ತು.

ಹೊರಡುವ ದಿನದ ಹಡಗೆಂದರೆ ಏನೆಂದು ತಿಳಿಯದೆ ಈ ತಪ್ಪಿನ ಬೆಲೆ ತಿಳಿಯುವುದಿಲ್ಲ. ಬೆಳಗಿನ ಜಾವ ಹಡಗು ಬಂದರಿಗೆ ಬರುತ್ತದೆ. ಹಿಂದಿನ ಪ್ರಯಾಣದ ಸಾವಿರಾರು ಜನ 10 ಗಂಟೆಯ ಹೊತ್ತಿಗೆ ಇಳಿಯುತ್ತಾರೆ. 11ರ ಸುಮಾರಿಗೆ ಅಷ್ಟೇ ಜನ ಹೊಸಬರು ಹತ್ತತೊಡಗುತ್ತಾರೆ. ಈ ನಡುವೆ ಕ್ಯಾಬಿನ್‌ಗಳೆಲ್ಲ ಗುಡಿಸಿ ಒರೆಸಿ ಹಾಸಿಗೆ ಬದಲಾಗಬೇಕು, ವಾರದ ದಿನಸಿ ಒಳಗೆ ಬರಬೇಕು, ಇಂಧನ ತುಂಬಬೇಕು. ಮದುವೆ ಮನೆಯವರು ಎಲ್ಲರಿಗಿಂತ ಮೊದಲು ಹತ್ತುತ್ತಾರೆ ಎಂಬುದು ನಿಜ, ಆದರೆ ಕ್ಯಾಬಿನ್ 1.30ರ ತನಕ ಸಿಗುವುದಿಲ್ಲ. ಟರ್ಮಿನಲ್ಲಿನಲ್ಲಿ ಪೋರ್ಟರ್ ಕೈಗೆ ಕೊಟ್ಟ ಸೂಟ್‌ಕೇಸು ಬಾಗಿಲಿಗೆ ಬರುವುದು ಸಂಜೆಗೆ. ಹಾಗಾಗಿ ಮದುವೆಯ ಉಡುಪು, ಉಂಗುರ, ಲೈಸೆನ್ಸ್, ಔಷಧಿ ಎಲ್ಲವೂ ಕೈಯಲ್ಲೇ ಇರಬೇಕು. ತಂಗಿಯ ಉಡುಪಿನ ಉದ್ದನೆಯ ಚೀಲವನ್ನು ನಾನು ಎಕ್ಸ್‌ರೇ ಯಂತ್ರದ ಪಟ್ಟಿಯ ಮೇಲೆ ಮಗುವನ್ನು ಮಲಗಿಸುವಂತೆ ಮಲಗಿಸಿದೆ. ಅದು ಹೊರಬಂತು, ಅದರ ಜೊತೆ ಇಟ್ಟಿದ್ದ, ಬಟ್ಟೆಯ ಸುಕ್ಕು ತೆಗೆಯುವ ಸ್ಟೀಮರ್ ಬರಲಿಲ್ಲ. ಬೆಂಕಿಯ ಭಯದಿಂದ ಇಸ್ತ್ರಿ ಪೆಟ್ಟಿಗೆ, ಸ್ಟೀಮರ್, ಮೇಣದಬತ್ತಿಗಳಿಗೆ ಹಡಗಿನಲ್ಲಿ ನಿಷೇಧವಿದೆ. ಇದನ್ನೂ ಯಾರೂ ಹೇಳಿರಲಿಲ್ಲ.

ಕೋಆರ್ಡಿನೇಟರ್‌ನ ಯೋಗ್ಯತೆ ಕಂಡದ್ದು ಇಲ್ಲಿಂದ ಮುಂದೆ. ಹಡಗು ಹತ್ತುವ ಗ್ಯಾಂಗ್‌ವೇ ಬಾಗಿಲಲ್ಲೇ ನಿಂತಿದ್ದ ಆಕೆ ಸುಕ್ಕಾದ ಉಡುಪನ್ನು ನೋಡಿ ಮಾತಿಲ್ಲದೆ ಇಸಿದುಕೊಂಡು, ವಾಕಿಟಾಕಿಯಲ್ಲಿ ಲಾಂಡ್ರಿಗೆ ಹೇಳಿ, 25 ನಿಮಿಷದಲ್ಲಿ ಒತ್ತಿಸಿ ತಂದುಕೊಟ್ಟರು. ಅಲಂಕಾರಕ್ಕೆ ಸ್ಪಾದ ಒಂದು ಕೋಣೆಯನ್ನು ಬಿಡಿಸಿಕೊಟ್ಟರು. ದಡದ ಕಚೇರಿಯವರು ಹೇಳದೆ ಬಿಟ್ಟದ್ದನ್ನೆಲ್ಲ ಒಬ್ಬ ಹೆಣ್ಣುಮಗಳು ಆ ಎರಡು ಗಂಟೆಗಳಲ್ಲಿ ಸರಿಪಡಿಸುತ್ತಾ ಓಡಾಡುವುದನ್ನು ನೋಡಿ ನನಗೆ ಮೆಚ್ಚುಗೆಯೂ ಆಯಿತು, ಸಂಕಟವೂ ಆಯಿತು.

ಆಕೆಯಿಂದಲೂ ಸರಿಪಡಿಸಲಾಗದ್ದು ಅತಿಥಿಗಳ ಪಟ್ಟಿ. 2004ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಹಡಗು ಮತ್ತು ಬಂದರು ಭದ್ರತಾ ಸಂಹಿತೆಯ ಪ್ರಕಾರ ಹಡಗು ಹತ್ತುವ ಪ್ರತಿಯೊಬ್ಬರನ್ನೂ ಗುರುತಿಸಬೇಕು, ತಪಾಸಣೆ ಮಾಡಬೇಕು. ಸಂದರ್ಶಕರ ಹೆಸರುಗಳನ್ನು 30 ದಿನ ಮೊದಲೇ ಕೇಳಿದ್ದರು, ನಾವು ಕೊಟ್ಟಿದ್ದೆವು. ಆದರೆ ಕಚೇರಿಯಲ್ಲಿ ಮರುಟೈಪ್ ಮಾಡುವಾಗ ಚಿಕ್ಕಪ್ಪನ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು. ಅವರೊಬ್ಬರನ್ನು ಟರ್ಮಿನಲ್ಲಿನಲ್ಲಿ ಕೂರಿಸಿದರು. ಭದ್ರತಾ ಸಿಬ್ಬಂದಿ ಮಾಡಿದ್ದು ಸರಿ. ಪಟ್ಟಿಯೇ ಅವರಿಗೆ ಪ್ರಮಾಣ. ಒಂದು ಗಂಟೆಗೆ ಆರಂಭವಾಗಬೇಕಿದ್ದ ಮದುವೆ ಚಿಕ್ಕಪ್ಪ ಬರುವ ತನಕ ನಿಂತು, 1.25ಕ್ಕೆ ಆರಂಭವಾಯಿತು.

ಮೇಲಿನ ಡೆಕ್ಕಿನ ಆ ಜಾಗ ಚೆನ್ನಾಗಿತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಕಂಟೇನರ್‌ಗಳ ಸಾಲು. ಛಾಯಾಗ್ರಾಹಕ ನೀರಿನ ಕಡೆಗೇ ಎಲ್ಲರನ್ನೂ ತಿರುಗಿಸಿದ್ದು ಜಾಣತನ. ಕೆಳಗೆ ದಿನಸಿ ತುಂಬುತ್ತಿದ್ದ ಫೋರ್ಕ್‌ಲಿಫ್ಟ್‌ಗಳು ಹಿಂದೆ ಸರಿದಾಗಲೆಲ್ಲ ಕೀಂ ಕೀಂ ಎನ್ನುವ ಸದ್ದು ಕೇಳುತ್ತಲೇ ಇತ್ತು. ನೋಟರಿ ತಂಗಿಯ ಕಡೆ ತಿರುಗಿ, ಈತನನ್ನು ಪತಿಯಾಗಿ ಸ್ವೀಕರಿಸುತ್ತೀಯಾ ಎಂದು ಕೇಳಿ ಮುಗಿಸುವಷ್ಟರಲ್ಲಿ ತಲೆಯ ಮೇಲಿನ ಸ್ಪೀಕರ್ ಬಾಯಿಬಿಟ್ಟಿತು: ಕ್ಯಾಬಿನ್‌ಗಳು ಸಿದ್ಧವಾಗಿವೆ, ಪ್ರಯಾಣಿಕರು ತಮ್ಮ ಕೋಣೆಗಳಿಗೆ ತೆರಳಬಹುದು. ಅದು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ನಡೆಯಿತು. ಆ ನಿಮಿಷವೆಲ್ಲ ವರ ಉತ್ತರಕ್ಕಾಗಿ ತಂಗಿಯ ಮುಖವನ್ನೇ ನೋಡುತ್ತಾ ನಿಂತಿದ್ದ. ಹೊರಡುವ ದಿನ ಈ ಪ್ರಕಟಣೆ ಯಾವ ಹೊತ್ತಿಗೆ ಬರುತ್ತದೆ ಎಂಬುದು ಹಡಗಿನವರಿಗೆ ಗೊತ್ತಿರುವ ಸಂಗತಿ. ಮದುವೆ ತಡವಾದಾಗ ಆ ಒಂದು ಸ್ಪೀಕರನ್ನು ನಿಲ್ಲಿಸುವ ವ್ಯವಸ್ಥೆ ಪ್ಯಾಕೇಜಿನಲ್ಲಿ ಇರಲೇಬೇಕಿತ್ತು. ಮದುವೆ ಗೊತ್ತುಮಾಡುವವರು ಒಳಗಿನ ಸಭಾಂಗಣವನ್ನು ಕೇಳುವುದಾದರೂ, ಅಲ್ಲಿ ಪ್ರಕಟಣೆ ಕೇಳಿಸುತ್ತದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಆರಂಭ ಜಾರಿದರೂ ಅಂತ್ಯ ಜಾರುವುದಿಲ್ಲ. ಅಮೆರಿಕದ ಬಂದರಿನಿಂದ ಹೊರಡುವ ಹಡಗು ತನ್ನ ಪ್ರಯಾಣಿಕರ ಪಟ್ಟಿಯನ್ನು ಹೊರಡುವುದಕ್ಕೆ 60 ನಿಮಿಷ ಮೊದಲೇ ಅಧಿಕಾರಿಗಳಿಗೆ ಕಳುಹಿಸಬೇಕು. ಅಷ್ಟರೊಳಗೆ ಸಂದರ್ಶಕರೆಲ್ಲ ಇಳಿದಿರುವ ಲೆಕ್ಕ ಸಿಗಬೇಕು. ನಮಗೆ ಕೊಟ್ಟ ಗಡುವು 3 ಗಂಟೆ. ಒಂದೂವರೆ ಗಂಟೆಯ ಔತಣಕ್ಕೆ ಹಣ ಕೊಟ್ಟ ನಮಗೆ ಸಿಕ್ಕಿದ್ದು ಸುಮಾರು ಒಂದು ಗಂಟೆ. 2.45ಕ್ಕೆ ಕೋಆರ್ಡಿನೇಟರ್ ಬಂದು ಅಮ್ಮನ ಭುಜ ಮುಟ್ಟಿ, ಇನ್ನು ಹೊರಡೋಣ ಎಂದು ಮೆಲ್ಲಗೆ ಹೇಳಿದರು. ಕಂಪನಿಯ ತಪ್ಪಿನಿಂದ ಹೋದ ಅರ್ಧ ಗಂಟೆಗೆ ಪರಿಹಾರ ಕೇಳಿದ್ದಕ್ಕೆ ದಡದ ಕಚೇರಿಯಿಂದ ಬಂದದ್ದು ವಿಷಾದದ ಒಂದು ಸಾಲು.

ಅತಿಥಿಗಳು ಇಳಿದ ಕೂಡಲೇ ಸುರಕ್ಷತಾ ಕವಾಯತಿನ ಕರೆ ಬಂತು. 2012ರ ಜನವರಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ತಾಗ, ಆ ಸಂಜೆಯಷ್ಟೇ ಹತ್ತಿದ್ದ ಪ್ರಯಾಣಿಕರಿಗೆ ಇನ್ನೂ ಕವಾಯತು ಆಗಿರಲಿಲ್ಲ. ಹಡಗು ಹೊರಡುವ ಮುನ್ನ ಅಥವಾ ಹೊರಟ ತಕ್ಷಣ ಅದು ಆಗಲೇಬೇಕೆಂಬ ನಿಯಮ 2015ರಿಂದ ಜಾರಿಯಲ್ಲಿದೆ. ಮದುಮಗಳಿಗೂ ಅದರಿಂದ ವಿನಾಯಿತಿಯಿಲ್ಲ. ಸೂಟ್‌ಕೇಸು ಬಂದಿರದಿದ್ದ ಕಾರಣ ತಂಗಿ ಮದುವೆಯ ಉಡುಪಿನ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಅಪಾಯದ ವೇಳೆ ಸೇರಬೇಕಾದ ತನ್ನ ಕ್ಷೇಮಸ್ಥಾನಕ್ಕೆ ಹೋದಳು. ಹಾಜರಿಗಾಗಿ ಅವಳ ಕಾರ್ಡನ್ನು ವರನೇ ಸ್ಕ್ಯಾನ್ ಮಾಡಿಸಿದ.

ನನ್ನ ಅಂಕ ಕೇಳಿದರೆ, ಹಡಗಿನ ಸಿಬ್ಬಂದಿಗೆ ಐದಕ್ಕೆ ಐದು, ದಡದ ಕಚೇರಿಗೆ ಎರಡು. ಪ್ರಯಾಣಕ್ಕೆ ಬರಲಾಗದ ಬಂಧುಗಳೇ ಹೆಚ್ಚಿರುವ ಮನೆಯವರು ಈ ಸೇವೆಯನ್ನು ಕೊಳ್ಳಬಹುದು. ಪಟ್ಟಿಯ ಪ್ರತಿ ಹೆಸರನ್ನೂ ಗುರುತಿನ ಚೀಟಿಯೊಂದಿಗೆ ಹೋಲಿಸಿ, ಕಂಪನಿ ಟೈಪ್ ಮಾಡಿದ ಪ್ರತಿಯನ್ನು ವಾಪಸ್ ತರಿಸಿ ನೋಡಬೇಕು. ವಧುವಿನ ಟಿಕೆಟ್ ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ಇರಬೇಕು. ದೂರದಿಂದ ಬರುವವರು ಹಿಂದಿನ ದಿನವೇ ಬಂದು ತಂಗಬೇಕು. ತಡವಾದ ವಿಮಾನಕ್ಕಾಗಿ ಹಡಗು ಕಾಯುವುದಿಲ್ಲ.

ಅತಿಥಿಗಳನ್ನು ಅಷ್ಟು ಕಟ್ಟುನಿಟ್ಟಾಗಿ 3 ಗಂಟೆಗೆ ಇಳಿಸಿದ ಹಡಗು, 4.30ಕ್ಕೆ ಹೊರಡಬೇಕಿದ್ದದ್ದು, ದಿನಸಿ ತುಂಬುವುದು ಮುಗಿಯದೆ 5.20ರ ತನಕ ಅಲ್ಲೇ ನಿಂತಿತ್ತು. ಅಮ್ಮ ಮತ್ತು ಚಿಕ್ಕಪ್ಪ ಅಷ್ಟು ಹೊತ್ತೂ ಟರ್ಮಿನಲ್ಲಿನ ಪಾರ್ಕಿಂಗ್ ಕಟ್ಟಡದ ಮೇಲಂತಸ್ತಿನಲ್ಲಿ ನಿಂತಿದ್ದರು. ನಾವು ಡೆಕ್ಕಿನಿಂದ ಕೈಬೀಸುತ್ತಿದ್ದೆವು, ನಡುವೆ ಫೋರ್ಕ್‌ಲಿಫ್ಟ್‌ಗಳು ಕೀಂ ಕೀಂ ಎನ್ನುತ್ತಿದ್ದವು.