ಊಹೆ ಮೊದಲು, ಬಟನ್ ಆಮೇಲೆ: ಫೆಟ್, ಜಿಯೋಜಿಬ್ರಾ, ಪ್ಲಿಕರ್ಸ್ ವರ್ಷಗಟ್ಟಲೆ ಬಳಸಿದ ಮೇಲೆ

ಪ್ರೌಢಶಾಲೆ ಮಕ್ಕಳಿಗೆ ವಿಜ್ಞಾನ, ಗಣಿತ ಎರಡನ್ನೂ ಕಲಿಸುತ್ತೇನೆ. ತರಗತಿಗೆ ಅಂತ ಉಚಿತವಾಗಿ ಸಿಗುವ ಆ್ಯಪ್‌ಗಳನ್ನು, ವೆಬ್‌ಸೈಟ್‌ಗಳನ್ನು ವರ್ಷಗಳಿಂದ ಬಳಸುತ್ತಾ ಬಂದಿದ್ದೇನೆ. ಕೆಲವು ವಾರ ಕಳೆಯುವಷ್ಟರಲ್ಲಿ ಬೇಜಾರಾದವು. ಕೆಲವು ನೋಡೋಕೆ ಚೆಂದ, ಆದರೆ ಪಾಠ ಮುಗಿದ ಮೇಲೆ ಕೇಳಿದರೆ ಮಕ್ಕಳ ತಲೆಯಲ್ಲಿ ಬಣ್ಣ, ಸದ್ದು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಈಗಲೂ ಬಿಡದೆ ಬಳಸುತ್ತಿರುವುದು ಮೂರನ್ನು: ಫೆಟ್, ಜಿಯೋಜಿಬ್ರಾ, ಪ್ಲಿಕರ್ಸ್. ಒಂದೊಂದರ ಕೆಲಸವೂ ಬೇರೆ. ಆದರೆ ಉತ್ತರ ತೋರಿಸುವ ಮುಂಚೆ ತಡೆದು, "ಈಗ ಏನಾಗುತ್ತೆ, ಹೇಳಿ ನೋಡೋಣ" ಅಂತ ಕೇಳುವುದಕ್ಕೆ ಮೂರೂ ಜಾಗ ಕೊಡುತ್ತವೆ. ತರಗತಿಯ ಯಾವ ಸಾಧನವನ್ನಾದರೂ ನಾನು ಅಳೆಯುವುದು ಇದರಿಂದಲೇ. ಮಗು ಮೊದಲು ಊಹಿಸಬೇಕು, ಆಮೇಲೆ ಬಟನ್ ಒತ್ತಬೇಕು.

ಜಾಸ್ತಿ ಬಳಸುವುದು ಫೆಟ್ ಅನ್ನು, ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ, ಬೌಲ್ಡರ್ ಕ್ಯಾಂಪಸ್‌ನಲ್ಲಿ, 2002ರಲ್ಲಿ ಕಾರ್ಲ್ ವೀಮನ್ ಆರಂಭಿಸಿದ ಯೋಜನೆ ಇದು. ಅದರ ಹಿಂದಿನ ವರ್ಷವಷ್ಟೇ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು ಅವರು. ವಿಜ್ಞಾನ ಮತ್ತು ಗಣಿತದ ನಾನಾ ವಿಷಯಗಳಿಗೆ ಸಿಮ್ಯುಲೇಶನ್‌ಗಳಿವೆ, ಅಂದರೆ ಪರದೆಯ ಮೇಲೆ ನಾವೇ ಬದಲಿಸಿ ನೋಡಬಹುದಾದ ಪ್ರಯೋಗಗಳು. ಮಕ್ಕಳು ಲಾಗಿನ್ ಆಗಬೇಕಿಲ್ಲ, ಹೆಸರು ಕೊಡಬೇಕಿಲ್ಲ. ಬ್ರೌಸರ್‌ನಲ್ಲಿ ತೆರೆದರೆ ಸಾಕು. ಎಚ್‌ಟಿಎಂಎಲ್5ರಲ್ಲಿ (ಈಗಿನ ಬ್ರೌಸರ್‌ಗಳಲ್ಲಿ ನೇರವಾಗಿ ಓಡುವ ವೆಬ್ ಭಾಷೆ) ಬರೆದ ಸಿಮ್ಯುಲೇಶನ್ ಒಂದೇ ಫೈಲ್ ಆಗಿ ಡೌನ್‌ಲೋಡ್ ಆಗುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋದರೆ ಇಂಟರ್ನೆಟ್ ಇಲ್ಲದ ಕೋಣೆಯಲ್ಲೂ ಓಡುತ್ತದೆ. ಪಾಠದ ಮಧ್ಯೆ ನೆಟ್ ಕೈಕೊಟ್ಟು, ಗಮನ ಕೊಟ್ಟು ಕೂತ ಮಕ್ಕಳೆಲ್ಲ ಮಾತಿಗೆ ಇಳಿದದ್ದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಅದರಲ್ಲಿ ವಿದ್ಯುತ್ ಸರ್ಕ್ಯೂಟ್ ಕಟ್ಟುವ ಕಿಟ್ ಒಂದಿದೆ. ಬ್ಯಾಟರಿ, ವೈರ್, ಬಲ್ಬ್, ಸ್ವಿಚ್ ಎಲ್ಲವನ್ನೂ ಎಳೆದು ತಂದು ಜೋಡಿಸಬಹುದು. ಸುಮ್ನೆ ತೆರೆದಾಗ ಬ್ಯಾಟರಿ 9 ವೋಲ್ಟ್, ಬಲ್ಬ್ 10 ಓಮ್ ಇರುತ್ತದೆ. ಒಂದು ಬಲ್ಬ್ ಹಾಕಿದರೆ ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ನಾನು ಅಲ್ಲಿಗೆ ನಿಲ್ಲಿಸುತ್ತೇನೆ. ಸರಣಿಯಲ್ಲಿ ಇನ್ನೊಂದು ಬಲ್ಬ್ ಸೇರಿಸಿ, ಸ್ವಿಚ್ ಮಾತ್ರ ತೆರೆದೇ, ಅಂದರೆ ಆಫ್ ಆಗಿಯೇ, ಇಡುತ್ತೇನೆ. ಈಗ ಪ್ರತಿಯೊಬ್ಬರೂ ನೋಟ್‌ಬುಕ್‌ನಲ್ಲಿ ಬರೆಯಬೇಕು: ಯಾವ ಬಲ್ಬ್ ಜಾಸ್ತಿ ಬೆಳಗುತ್ತೆ? ಅಮ್ಮೀಟರ್ ಅನ್ನು ಮೊದಲನೇ ಬಲ್ಬಿನ ಮುಂಚೆ ಇಟ್ಟರೆ ಎಷ್ಟು, ಎರಡರ ನಡುವೆ ಇಟ್ಟರೆ ಎಷ್ಟು, ಕೊನೆಯಲ್ಲಿ ಇಟ್ಟರೆ ಎಷ್ಟು?

ಪ್ರತಿ ವರ್ಷ ಒಂದು ಉತ್ತರ ಬಂದೇ ಬರುತ್ತದೆ. "ಮೊದಲನೇ ಬಲ್ಬ್ ಸ್ವಲ್ಪ ಕರೆಂಟ್ ತಿಂದುಬಿಡುತ್ತೆ ಮಿಸ್, ಎರಡನೇದಕ್ಕೆ ಕಮ್ಮಿ ಬರುತ್ತೆ." ಓದಿನಲ್ಲಿ ಮುಂದಿರುವ ಮಕ್ಕಳೂ ಹೀಗೇ ಬರೆಯುತ್ತಾರೆ. ಓಮ್ ನಿಯಮ ಬಾಯಿಪಾಠ ಇದ್ದರೂ ಈ ಎಣಿಕೆ ಒಳಗೆ ಭದ್ರವಾಗಿ ಕೂತಿರುತ್ತದೆ. ಸ್ವಿಚ್ ಮುಚ್ಚಿದಾಗ ಎರಡೂ ಬಲ್ಬ್ ಒಂದೇ ಸಮ, ಮಂದವಾಗಿ ಬೆಳಗುತ್ತವೆ. ಅಮ್ಮೀಟರ್ ಎಲ್ಲಿಟ್ಟರೂ 0.45. ತರಗತಿ ಒಂದು ಕ್ಷಣ ತಣ್ಣಗಾಗುತ್ತದೆ, ಆಮೇಲೆ ವಾದ ಶುರು. ಊಹೆ ಬರೆಸದೆ ನೇರವಾಗಿ ತೋರಿಸಿದ್ದರೆ "ಹೌದು, ಗೊತ್ತಿತ್ತು" ಅಂತ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಕೈಯಾರೆ ಬರೆದ ಉತ್ತರ ಕಣ್ಣೆದುರಿಗೆ ಇರುವಾಗ ಹಾಗೆ ಹೇಳುವುದು ಕಷ್ಟ, ಅಲ್ವಾ?

ಇದೇ ಕಿಟ್‌ನಲ್ಲಿ ಎಲೆಕ್ಟ್ರಾನ್‌ಗಳು ನೀಲಿ ಚುಕ್ಕೆಗಳಾಗಿ ಕಾಣುತ್ತವೆ. ಸ್ವಿಚ್ ಮುಚ್ಚಿದ ತಕ್ಷಣ ಎಲ್ಲವೂ ಒಟ್ಟಿಗೆ ಹೊರಡುತ್ತವೆ. "ಇಷ್ಟು ನಿಧಾನ ಹೋದರೆ ಬಲ್ಬ್ ತಕ್ಷಣ ಹೇಗೆ ಹತ್ತುತ್ತೆ?" ಅಂತ ಒಬ್ಬಳು ಕೇಳಿದಳು. ಪುಸ್ತಕದ ಚಿತ್ರ ನೋಡಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಿಜವಾದ ವೈರ್‌ನಲ್ಲಿ ಎಲೆಕ್ಟ್ರಾನ್‌ಗಳು ಮುಂದೆ ಸಾಗುವ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಮಿಲಿಮೀಟರ್‌ಗಿಂತಲೂ ಕಡಿಮೆ. ಆದರೆ ವೈರ್ ತುಂಬ ಅವು ಮೊದಲೇ ಇರುತ್ತವೆ. ಬ್ಯಾಟರಿಯಿಂದ ಹೊರಟದ್ದು ಬಲ್ಬ್ ತಲುಪುವವರೆಗೆ ಕಾಯಬೇಕಿಲ್ಲ, ಬಲ್ಬಿನೊಳಗೆ ಇರುವುದೇ ಚಲಿಸಲು ಶುರು ಮಾಡುತ್ತದೆ. ಪರದೆಯ ಮೇಲೆ ಅದು ಕಣ್ಣಿಗೆ ಕಾಣುತ್ತದೆ. ನಾನು ಹೆಚ್ಚು ವಿವರಿಸಬೇಕಾಗಿ ಬರಲಿಲ್ಲ.

ಇಷ್ಟೆಲ್ಲ ಮೆಚ್ಚಿಕೊಂಡರೂ ನಿಜವಾದ ಸೆಲ್, ವೈರ್‌ಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ. ಫೆಟ್‌ನ ಬ್ಯಾಟರಿ ಆದರ್ಶ ಬ್ಯಾಟರಿ, ಅಂದರೆ ಅದರೊಳಗೆ ರೋಧವೇ ಇಲ್ಲ ಅಂತ ಲೆಕ್ಕ. ಎರಡು ಬಲ್ಬ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಎರಡೂ ಮೊದಲಿನಷ್ಟೇ ಬೆಳಗುತ್ತವೆ, ಬ್ಯಾಟರಿಯಿಂದ 1.80 ಆಂಪಿಯರ್ ಹೊರಡುತ್ತದೆ. ಮೇಜಿನ ಮೇಲೆ ಹಳೇ ಸೆಲ್ ಇಟ್ಟು ಇದನ್ನೇ ಮಾಡಿದರೆ ಬೆಳಕು ಕಮ್ಮಿಯಾಗುವುದು ಕಾಣುತ್ತದೆ. ಸೆಲ್‌ನ ಒಳಗೂ ರೋಧ ಇದೆ, ಕರೆಂಟ್ ಜಾಸ್ತಿಯಾದಂತೆ ಹೊರಗೆ ಸಿಗುವ ವೋಲ್ಟೇಜ್ ಇಳಿಯುತ್ತದೆ. "ಕಂಪ್ಯೂಟರ್ ಸುಳ್ಳು ಹೇಳ್ತಿದೆಯಾ?" ಅಂತ ಮಕ್ಕಳು ಕೇಳಿದಾಗ ಕಿಟ್‌ನ ಹೆಚ್ಚುವರಿ ಆಯ್ಕೆಗಳನ್ನು ತೆರೆಯುತ್ತೇನೆ. ಅಲ್ಲಿ ಬ್ಯಾಟರಿಯ ಒಳರೋಧ ಹೆಚ್ಚಿಸುವ ಸ್ಲೈಡರ್ ಇದೆ. ಅದನ್ನು ಎಳೆದರೆ ಪರದೆಯ ಬಲ್ಬ್‌ಗಳೂ ಮಂಕಾಗುತ್ತವೆ. ಸಿಮ್ಯುಲೇಶನ್ ಮತ್ತು ಮೇಜು ಒಪ್ಪದೇ ಇರುವ ಇಂಥ ಜಾಗವೇ ನನ್ನ ಪಾಠಗಳಲ್ಲಿ ಅತ್ಯಂತ ಗಟ್ಟಿಯಾದದ್ದು. ಎರಡರಲ್ಲಿ ಒಂದನ್ನೇ ಇಟ್ಟುಕೊಂಡಿದ್ದರೆ ಆ ಪಾಠವೇ ಇರುತ್ತಿರಲಿಲ್ಲ.

ಗಣಿತದ ತಂತ್ರಾಂಶ ಜಿಯೋಜಿಬ್ರಾ 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೊಹೆನ್‌ವಾರ್ಟರ್ ಅವರ ಸ್ನಾತಕೋತ್ತರ ಪ್ರಬಂಧದ ಕೆಲಸವಾಗಿ ಹುಟ್ಟಿದ್ದು. ಜ್ಯಾಮಿತಿ, ಬೀಜಗಣಿತ ಒಂದೇ ಕಡೆ. ಬಿಂದು ಎಳೆದರೆ ಸಮೀಕರಣ ಬದಲಾಗುತ್ತದೆ, ಸಮೀಕರಣ ತಿದ್ದಿದರೆ ಚಿತ್ರ ಬದಲಾಗುತ್ತದೆ.

ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಎಳೆದು ನೋಡುವ ಪರೀಕ್ಷೆ. ಒಂದು ಚೌಕ ಬರೆಯಿರಿ ಅಂದರೆ ಬಹಳ ಮಕ್ಕಳು ಕಣ್ಣಂದಾಜಿನಲ್ಲಿ ನಾಲ್ಕು ಬಿಂದು ಇಟ್ಟು ಸೇರಿಸುತ್ತಾರೆ. ನೋಡಲು ಚೌಕವೇ. ಒಂದು ಮೂಲೆ ಹಿಡಿದು ಎಳೆದರೆ ವಕ್ರವಾಗಿ ಹೋಗುತ್ತದೆ. ಲಂಬ ರೇಖೆ ಹಾಕಿ, ಬಾಹುವನ್ನೇ ತ್ರಿಜ್ಯ ಮಾಡಿಕೊಂಡು ವೃತ್ತ ಎಳೆದು ಕಟ್ಟಿದ ಚೌಕವನ್ನು ಹೇಗೆ ಎಳೆದರೂ ಚೌಕವಾಗಿಯೇ ಉಳಿಯುತ್ತದೆ. ಚೌಕದ ಗುಣಗಳು ಯಾವುವು ಅಂತ ಹಲಗೆಯ ಮೇಲೆ ಬರೆಸುವುದಕ್ಕಿಂತ ಇದು ನೂರು ಪಾಲು ಮೇಲು. ಸೀಮೆಸುಣ್ಣದಿಂದ ಮಾಡಲು ಆಗದ ಕೆಲಸ ಇದು.

ಇನ್ನೊಂದು ಪಾಠ ಹೇಳಲೇಬೇಕು. y = x² + bx + 1 ಅಂತ ಕೊಟ್ಟು bಗೆ ಸ್ಲೈಡರ್ ಇಡಿ. b ಬದಲಾದರೆ ಪರವಲಯ (ಆ ಸಮೀಕರಣದ ಬಟ್ಟಲಿನಾಕಾರದ ಗೆರೆ) ಹೇಗೆ ಸರಿಯುತ್ತೆ ಅಂತ ಮೊದಲು ಕೈಯಲ್ಲಿ ತೋರಿಸಲು ಹೇಳಿ. ಹೆಚ್ಚಿನವರು ಎಡಕ್ಕೆ ಬಲಕ್ಕೆ ಕೈ ಆಡಿಸುತ್ತಾರೆ. ಸ್ಲೈಡರ್ ಎಳೆದರೆ ಪರವಲಯ ಪಕ್ಕಕ್ಕೆ ಸರಿಯುತ್ತಲೇ ಕೆಳಗೂ ಇಳಿಯುತ್ತದೆ. ಶೃಂಗಬಿಂದುವಿಗೆ, ಅಂದರೆ ಪರವಲಯ ತಿರುಗುವ ತುದಿಗೆ, ಜಾಡು ಬಿಡುವ ಆಯ್ಕೆ ಹಾಕಿ ಮತ್ತೆ ಎಳೆಯಿರಿ. ಆ ಜಾಡೇ ತಲೆಕೆಳಗಾದ ಇನ್ನೊಂದು ಪರವಲಯ: y = 1 − x². b = 2 ಇದ್ದಾಗ ಶೃಂಗ (−1, 0), b = 4 ಇದ್ದಾಗ (−2, −3). ಎರಡೂ ಅದರ ಮೇಲೇ ಕೂರುತ್ತವೆ. "ಇದು ಯಾಕೆ ಹೀಗೆ?" ಅನ್ನುವ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಆಗ ವರ್ಗ ಪೂರ್ಣಗೊಳಿಸುವ ವಿಧಾನ ಕಲಿಸಿದರೆ ಅದು ಯಾಕೆ ಬೇಕು ಅಂತ ಯಾರೂ ಕೇಳುವುದಿಲ್ಲ.

ತೊಂದರೆಗಳೂ ಇವೆ. ಮೆನು ತುಂಬಾ ದಟ್ಟ, ಹೊಸಬರಿಗೆ ದಿಗಿಲಾಗುತ್ತದೆ. ಗೆರೆಗಳು, ಅಕ್ಷರಗಳು ಪ್ರೊಜೆಕ್ಟರ್‌ನಲ್ಲಿ ಹಿಂದಿನ ಬೆಂಚಿಗೆ ಕಾಣುವುದಿಲ್ಲ. ತರಗತಿಗೆ ಮುಂಚೆಯೇ ಅಕ್ಷರದ ಗಾತ್ರ, ಗೆರೆಯ ದಪ್ಪ ಹೆಚ್ಚಿಸಿ, ಗಾಢ ಬಣ್ಣ ಕೊಟ್ಟು ಇಡಿ. ಅಂಕಿಗಳನ್ನು ಪೂರ್ಣಾಂಕಕ್ಕೆ ತರುವ ವಿಷಯದಲ್ಲೂ ಹುಷಾರಾಗಿರಬೇಕು. ದಶಮಾಂಶ ಸ್ಥಾನಗಳನ್ನು ಸೊನ್ನೆಗೆ ಇಟ್ಟಿದ್ದರೆ 60.4, 60.4, 59.2 ಡಿಗ್ರಿಯ ಕೋನಗಳು 60, 60, 59 ಅಂತ ಕಾಣುತ್ತವೆ. ಮಕ್ಕಳು ಕೂಡಿಸಿದರೆ 179. ತ್ರಿಭುಜದ ಕೋನಗಳ ಮೊತ್ತ 180 ಅಂತ ಸಾಧಿಸಲು ಹೊರಟ ದಿನ ಇದು ಎದುರಾದರೆ ಪಾಠ ದಾರಿ ತಪ್ಪುತ್ತದೆ. ನಾನು ಈಗ ಇದನ್ನು ಬೇಕಂತಲೇ ತೋರಿಸುತ್ತೇನೆ. ಎಷ್ಟು ಸಾವಿರ ತ್ರಿಭುಜ ಎಳೆದು ಅಳೆದರೂ ಅದು ಗಣಿತದ ಸಾಧನೆ (ಪ್ರೂಫ್) ಆಗುವುದಿಲ್ಲ, ಸಮಾಂತರ ರೇಖೆ ಹಾಕಿ ತರ್ಕದಿಂದಲೇ ತೋರಿಸಬೇಕು ಅಂತ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ.

ಸಾಧನ ಯಾರ ಕೈಯಲ್ಲಿದೆ ಅನ್ನುವುದೂ ಮುಖ್ಯ. ಇಡೀ ಪಾಠ ಮೌಸ್ ಶಿಕ್ಷಕರ ಕೈಯಲ್ಲೇ ಇದ್ದರೆ ಅದು ಬರೀ ಸಿನಿಮಾ. ಇಬ್ಬರಿಗೆ ಒಂದು ಕಂಪ್ಯೂಟರ್ ಕೊಟ್ಟು, ಒಬ್ಬರು ಹೇಳಬೇಕು ಇನ್ನೊಬ್ಬರು ಮಾಡಬೇಕು ಅನ್ನುವ ನಿಯಮ ಇಟ್ಟೆ. ಹೇಳುವವರಿಗೆ ಮೌಸ್ ಮುಟ್ಟುವ ಹಾಗಿಲ್ಲ, ಸ್ವಲ್ಪ ಹೊತ್ತಿಗೆ ಅದಲು ಬದಲು. ಬಾಯಿಬಿಟ್ಟು ಹೇಳಲೇಬೇಕಾದಾಗ "ಅದು, ಅಲ್ಲಿ, ಆ ಗೆರೆ" ಹೋಗಿ "ಲಂಬ", "ಛೇದಿಸುವ ಬಿಂದು" ಎಂಬ ಮಾತುಗಳು ತಾವಾಗಿಯೇ ಬಂದವು.

ಪ್ಲಿಕರ್ಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ಲದ ತರಗತಿಗೆ ಇದು ವರ. ಪ್ರತಿ ಮಗುವಿಗೂ ಬೇರೆ ಬೇರೆ ವಿನ್ಯಾಸದ ಒಂದು ಕಾಗದದ ಕಾರ್ಡ್. ಎ, ಬಿ, ಸಿ, ಡಿ ಯಾವ ಉತ್ತರವೋ ಆ ಬದಿ ಮೇಲೆ ಬರುವಂತೆ ತಿರುಗಿಸಿ ಹಿಡಿಯುತ್ತಾರೆ. ಶಿಕ್ಷಕರು ತಮ್ಮ ಫೋನಿನ ಕ್ಯಾಮೆರಾದಿಂದ ಇಡೀ ತರಗತಿಯನ್ನು ಒಮ್ಮೆ ಸವರಿದರೆ ಯಾರದು ಯಾವ ಉತ್ತರ ಅಂತ ದಾಖಲಾಗುತ್ತದೆ. ಕಾರ್ಡ್ ಮೇಲಿನ ಅಕ್ಷರ ಸಣ್ಣದು, ಪ್ರತಿ ಕಾರ್ಡಿನ ವಿನ್ಯಾಸವೂ ಬೇರೆ. ಹಾಗಾಗಿ ಪಕ್ಕದವರದು ನೋಡಿ ಬರೆಯುವುದು ಸುಲಭವಲ್ಲ. ಕೈ ಎತ್ತಲು ಎಂದೂ ಒಪ್ಪದ ಮಕ್ಕಳೂ ಕಾರ್ಡ್ ಎತ್ತುತ್ತಾರೆ. ಖಾತೆ ಬೇಕಿರುವುದು ಶಿಕ್ಷಕರಿಗೆ ಮಾತ್ರ. ಮಕ್ಕಳ ಹೆಸರಿನ ಬದಲು ಹಾಜರಿ ಸಂಖ್ಯೆ ಹಾಕಿದರೂ ನಡೆಯುತ್ತದೆ, ನಾನು ಹಾಗೇ ಮಾಡುತ್ತೇನೆ.

ಬಳಸುವ ರೀತಿ ನನ್ನದಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಕ್ರಮ. ಪ್ರಶ್ನೆ ಕೇಳಿ, ಒಬ್ಬೊಬ್ಬರೇ ಯೋಚಿಸಿ ಉತ್ತರ ಕೊಡಲಿ. ಆಮೇಲೆ ಬೇರೆ ಉತ್ತರ ಕೊಟ್ಟವರ ಜೊತೆ ವಾದ ಮಾಡಲಿ. ಮತ್ತೆ ಉತ್ತರ ಕೊಡಲಿ. ನಾನು ಒಂದು ಎಚ್ಚರಿಕೆ ಸೇರಿಸುತ್ತೇನೆ: ಮೊದಲ ಸುತ್ತಿನ ಫಲಿತಾಂಶವನ್ನು ಪರದೆಯ ಮೇಲೆ ತೋರಿಸಬೇಡಿ. ಫಲಿತಾಂಶದ ನಕ್ಷೆಯಲ್ಲಿ ಹೆಚ್ಚು ಮಂದಿ ಆರಿಸಿದ ಉತ್ತರದ ಉದ್ದದ ಕಂಬ ಕಂಡ ಕೂಡಲೇ ಎಲ್ಲರೂ ಅತ್ತಲೇ ವಾಲುತ್ತಾರೆ, ವಾದಕ್ಕೆ ಜೀವ ಇರುವುದಿಲ್ಲ. ಸರಣಿ ಬಲ್ಬಿನ ಪ್ರಶ್ನೆಯನ್ನೂ ಈಗ ಹೀಗೇ ಕೇಳುತ್ತೇನೆ. ಫೆಟ್‌ನಲ್ಲಿ ಸ್ವಿಚ್ ಮುಚ್ಚುವುದು ಎರಡನೇ ಸುತ್ತು ಮುಗಿದ ಮೇಲೆಯೇ.

ಉಚಿತ ಅನ್ನುವುದರ ಬಗ್ಗೆ ಒಂದಿಷ್ಟು. ಉಚಿತ ಸೇವೆಗಳ ಷರತ್ತು ಬದಲಾಗುತ್ತಲೇ ಇರುತ್ತದೆ. ನಾನು ಪ್ರಶ್ನೆಗಳ ರಾಶಿಯನ್ನೇ ತುಂಬಿಸಿಟ್ಟಿದ್ದ ಒಂದು ಕ್ವಿಜ್ ಸೇವೆ ಶಾಲಾ ವರ್ಷದ ಮಧ್ಯದಲ್ಲಿ ಉಚಿತ ಬಳಕೆಗೆ ಮಿತಿ ಹಾಕಿತು. ಹಳೇ ಪ್ರಶ್ನೆಗಳನ್ನು ಹೊರತೆಗೆಯುವ ದಾರಿಯನ್ನೂ ಇಟ್ಟಿರಲಿಲ್ಲ. ಪರೀಕ್ಷೆ ಹತ್ತಿರ ಇದ್ದಾಗ ಹಾಗಾದರೆ ಎಷ್ಟು ಸಂಕಟ ಅಂತ ಶಿಕ್ಷಕರಿಗೆ ಹೇಳಬೇಕಿಲ್ಲ. ವೆಬ್ ಪುಟಗಳಲ್ಲಿ ಆ್ಯನಿಮೇಶನ್ ಓಡಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶದ ಕಥೆಯೂ ನೆನಪಿರಲಿ. 2020ರ ಡಿಸೆಂಬರ್‌ಗೆ ಅಡೋಬಿ ಅದಕ್ಕೆ ಬೆಂಬಲ ನಿಲ್ಲಿಸಿದಾಗ ಅದನ್ನೇ ನಂಬಿದ್ದ ಶಿಕ್ಷಣದ ಪುಟಗಳು ನಿಂತುಹೋದವು. ಫೆಟ್ ತಂಡ ಮುಂಚಿನಿಂದಲೇ ತನ್ನ ಸಿಮ್ಯುಲೇಶನ್‌ಗಳನ್ನು ಎಚ್‌ಟಿಎಂಎಲ್5ಗೆ ಬದಲಿಸುತ್ತಾ ಬಂದಿತ್ತು. ಅದರ ಮೇಲೆ ನನ್ನ ನಂಬಿಕೆ ಗಟ್ಟಿಯಾಗಲು ಇದೂ ಒಂದು ಕಾರಣ. ಜಿಯೋಜಿಬ್ರಾ ವಾಣಿಜ್ಯೇತರ ಬಳಕೆಗೆ ಉಚಿತ. 2021ರಲ್ಲಿ ಬೈಜೂಸ್ ಅದನ್ನು ಕೊಂಡುಕೊಂಡಾಗ ಸ್ವಲ್ಪ ಆತಂಕವಾಗಿತ್ತು, ನನ್ನ ಬಳಕೆಗೆ ಏನೂ ಅಡ್ಡಿಯಾಗಲಿಲ್ಲ. ಆದರೂ ಮಾಡಿದ ಪ್ರತಿ ಫೈಲನ್ನೂ ನನ್ನ ಕಂಪ್ಯೂಟರ್‌ಗೆ ಇಳಿಸಿಕೊಳ್ಳುತ್ತೇನೆ. ಪ್ರಶ್ನೆಗಳನ್ನು ಮೊದಲು ಸಾದಾ ಕಡತದಲ್ಲಿ ಬರೆದು, ಆಮೇಲೆ ಸೇವೆಗೆ ಹಾಕುತ್ತೇನೆ.

ಹೊಸದಾಗಿ ಶುರು ಮಾಡುವವರು ಮೂರನ್ನೂ ಒಟ್ಟಿಗೆ ಹಿಡಿಯಬೇಡಿ. ನಿಮ್ಮ ಮಕ್ಕಳು ಪ್ರತಿ ವರ್ಷ ಎಡವುವ ಒಂದು ಪಾಠ ನಿಮಗೆ ಗೊತ್ತಿರುತ್ತದೆ. ಅದಕ್ಕೆ ಹೊಂದುವ ಒಂದೇ ಒಂದು ಸಿಮ್ಯುಲೇಶನ್ ಅಥವಾ ಒಂದು ಜಿಯೋಜಿಬ್ರಾ ಫೈಲ್ ಆರಿಸಿ. ಹಿಂದಿನ ದಿನ ನೀವೇ ಅದರೊಳಗೆ ಒಂದು ಗಂಟೆ ಓಡಾಡಿ, ಎಲ್ಲಿ ನಿಲ್ಲಿಸಿ ಕೇಳಬೇಕು ಅಂತ ಗುರುತು ಹಾಕಿಕೊಳ್ಳಿ. ಫೈಲ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಕೊನೆಯ ಬೆಂಚಿನಲ್ಲಿ ಕೂತು ಪರದೆ ಕಾಣುತ್ತಾ ನೋಡಿ. ಫೆಟ್ ವೆಬ್‌ಸೈಟ್‌ನಲ್ಲಿ ಶಿಕ್ಷಕರಾಗಿ ನೋಂದಾಯಿಸಿದರೆ ಬೇರೆ ಶಿಕ್ಷಕರು ಹಂಚಿಕೊಂಡ ಪಾಠಗಳೂ ಸಿಗುತ್ತವೆ. ಅವನ್ನು ಇದ್ದ ಹಾಗೇ ಬಳಸಬೇಡಿ. ಹಂತ ಹಂತವಾಗಿ ಏನು ಒತ್ತಬೇಕು ಅಂತ ಹೇಳುವ ಸಾಲುಗಳನ್ನು ಅಳಿಸಿ, ಆ ಜಾಗದಲ್ಲಿ ಊಹೆ ಬರೆಯಲು ಎರಡು ಖಾಲಿ ಸಾಲು ಬಿಡಿ.