ಗೋಡೆಗೆ ಹಾಕೋ ಎಲೆಕ್ಟ್ರಿಕ್ ಫೈರ್‌ಪ್ಲೇಸ್: ಕೆಲವು ಒಂಟಾರಿಯೊ ಚಳಿಗಾಲ ಕಳೆದ ಮೇಲೆ ಬರೀತಿರೋ ವಿಮರ್ಶೆ

ಫೈರ್‌ಪ್ಲೇಸ್ ಹಾಕಿಸ್ಬೇಕು ಅಂತಿದೀವಿ ಯಾವ ಬ್ರ್ಯಾಂಡ್ ಒಳ್ಳೇದು ಅಂತ ಇಲ್ಲಿ, ಕೆನಡಾದ ಒಂಟಾರಿಯೊದಲ್ಲಿರೋ ನಮ್ಮ ಕನ್ನಡದ ಫ್ರೆಂಡ್ಸ್ ತುಂಬ ಜನ ಕೇಳ್ತಾರೆ, ನಾನು ಎಲ್ಲರಿಗೂ ಹೇಳೋದು ಒಂದೇ, ಬ್ರ್ಯಾಂಡ್ ಆಮೇಲೆ ನೋಡೋಣ, ಮೊದ್ಲು ನಿಮ್ಮನೆ ಗೋಡೆ ಯಾವ್ದು ಹೇಳಿ. ಯಾಕಂದ್ರೆ ಇಲ್ಲಿನ ಮನೆಗಳಲ್ಲಿ ಎಲ್ಲಾ ಗೋಡೆನೂ ಹೊರಗಿಂದ ಒಂದೇ ತರ ಬೆಳ್ಳಗೆ ಕಾಣತ್ತೆ, ಒಳಗಡೆ ಇರೋದೇ ಬೇರೆ.

ನಮ್ದು ಮಿಲ್ಟನ್‌ನಲ್ಲಿ ಟೌನ್‌ಹೌಸ್. ಎರಡೂ ಪಕ್ಕ ಬೇರೆಯವರ ಮನೆ, ಮುಂದೆ ಹಿಂದೆ ಮಾತ್ರ ಹೊರಗಿನ ಗೋಡೆ. ಪಕ್ಕದ ಮನೆಗೂ ನಮಗೂ ಮಧ್ಯೆ ಇರೋ ಗೋಡೆ ಬರೀ ಗೋಡೆ ಅಲ್ಲ, ಅದು ಬೆಂಕಿ ಆ ಕಡೆಯಿಂದ ಈ ಕಡೆ ದಾಟದ ಹಾಗೆ ಕಟ್ಟಿರೋ ಫೈರ್ ಸೆಪರೇಶನ್, ಅದನ್ನ ಕೊರೆದು ಒಳಗೆ ಪೆಟ್ಟಿಗೆ ಕೂರಿಸೋ ಹಾಗಿಲ್ಲ, ಕೂರಿಸಿದ್ರೆ ಅಪಾಯ ನಿಮಗೊಬ್ರಿಗೇ ಅಲ್ಲ ಪಕ್ಕದ ಮನೆಯವರಿಗೂ. ಹೊರಗಿನ ಗೋಡೆ ಕೊರೆಯೋಣ ಅಂದ್ರೆ ಅದರೊಳಗೆ ಇನ್ಸುಲೇಶನ್ ಇದೆ, ಅದರ ಮುಂದೆ ಒಂದು ಪ್ಲಾಸ್ಟಿಕ್ ಹಾಳೆ ಇದೆ, ವೇಪರ್ ಬ್ಯಾರಿಯರ್ ಅಂತಾರೆ, ಮನೆಯೊಳಗಿನ ಬೆಚ್ಚಗಿನ ತೇವದ ಗಾಳಿ ಗೋಡೆಯೊಳಗೆ ಹೋಗಿ ಚಳಿ ತಾಗಿ ನೀರಾಗ್ದೆ ಇರ್ಲಿ ಅಂತ. ಅದನ್ನ ಕತ್ತರಿಸಿ ಇನ್ಸುಲೇಶನ್ ಕಿತ್ತು ಫೈರ್‌ಪ್ಲೇಸ್ ತೂರಿಸಿದ್ರೆ ಆ ಜಾಗದಲ್ಲಿ ತಣ್ಣಗೆ ಗಾಳಿ ಬರತ್ತೆ, ನಿಧಾನಕ್ಕೆ ಬೂಷ್ಟೂ ಹಿಡಿಯತ್ತೆ. ಇನ್ನು ಉಳಿದಿದ್ದು ಮೆಟ್ಟಿಲ ಪಕ್ಕದ ಒಳಗೋಡೆ, ಅದರಲ್ಲಿ ಟೂ ಬೈ ಫೋರ್ ಸ್ಟಡ್, ಅಂದ್ರೆ ಗೋಡೆಯೊಳಗೆ ನಿಲ್ಲಿಸಿರೋ ಮರದ ಕಂಬ, ಹೆಸರಿಗೆ ನಾಲ್ಕು ಇಂಚು ಆದ್ರೆ ನಿಜವಾಗಿ ಸಿಗೋ ಆಳ ಮೂರೂವರೆ ಇಂಚು. ಒಳಗೆ ಕೂರಿಸೋ ಮಾಡೆಲ್‌ಗಳಲ್ಲಿ ತುಂಬಾನೇ ಅದಕ್ಕಿಂತ ಆಳ ಕೇಳ್ತವೆ, ಜೊತೆಗೆ ಮಧ್ಯದ ಸ್ಟಡ್ ಕತ್ತರಿಸ್ಬೇಕು, ಆ ಗೋಡೆ ಮೇಲಿನ ಮಹಡಿ ಭಾರ ಹೊತ್ತಿದ್ರೆ ಅದನ್ನ ಹೊರೋಕೆ ಹೆಡರ್ ಅನ್ನೋ ಅಡ್ಡ ತೊಲೆ ಹಾಕಿಸ್ಬೇಕು, ಟೌನ್‌ನಿಂದ ಪರ್ಮಿಟ್ ತಗೋಬೇಕು. ಇಷ್ಟೆಲ್ಲಾ ಲೆಕ್ಕ ಹಾಕಿ ನಾವು ಒಳಗೋಡೆ ಮೇಲೆ ಬ್ರ್ಯಾಕೆಟ್ ಹಾಕಿ ಹೊರಗಡೆನೇ ನೇತುಹಾಕೋ 50 ಇಂಚಿನ ಎಲೆಕ್ಟ್ರಿಕ್ ಮಾಡೆಲ್‌ಗೆ ಬಂದ್ವಿ. ಗೋಡೆಯಿಂದ ಐದಾರು ಇಂಚು ಮುಂದಕ್ಕೆ ಚಾಚಿರತ್ತೆ, ಅದು ನಮಗೆ ಇವತ್ತಿಗೂ ತೊಂದ್ರೆ ಅನ್ಸಿಲ್ಲ.

ಎಲೆಕ್ಟ್ರಿಕ್ಕೇ ಯಾಕೆ ಅಂತಾನೂ ಹೇಳ್ತೀನಿ. ಸೌದೆ ಉರಿಸೋದು ನಮ್ಮಂಥ ಟೌನ್‌ಹೌಸಿಗೆ ದೂರದ ಮಾತು, ಚಿಮಣಿ ಬೇಕು, ಇನ್ಶೂರೆನ್ಸ್ ಕಂಪನಿಯವರು ಸೌದೆ ಒಲೆ ಸುರಕ್ಷಿತವಾಗಿದೆಯಾ ಅಂತ ನೋಡೋ ವೆಟ್ (WETT) ಇನ್‌ಸ್ಪೆಕ್ಷನ್ ಕೇಳ್ತಾರೆ. ಎಥನಾಲ್ ಫೈರ್‌ಪ್ಲೇಸ್ ನೋಡಕ್ಕೆ ಚೆಂದ, ನಿಜವಾದ ಜ್ವಾಲೆ, ಚಿಮಣಿ ಬೇಡ ಅಂತ ಮಾರ್ತಾರೆ, ಆದ್ರೆ ಅದು ತೆರೆದ ಬೆಂಕಿ, ರೂಮಿನ ಗಾಳಿಯನ್ನೇ ಬಳಸ್ಕೊಂಡು ಉರಿದು, ಉರಿದಾಗ ಬರೋ ಅನಿಲವೆಲ್ಲ ರೂಮಿಗೇ ಬಿಡತ್ತೆ, ಬಿಸಿ ಆರೋ ಮುಂಚೆ ಯಾರಾದ್ರೂ ಇಂಧನ ಸುರಿದ್ರೆ ಭುಗ್ ಅಂತ ಹೊತ್ಕೊಳತ್ತೆ, ಮಕ್ಕಳಿರೋ ಮನೆಗೆ ನಾನಂತೂ ಬೇಡವೇ ಬೇಡ ಅಂತೀನಿ.

ಗ್ಯಾಸ್ ಬಗ್ಗೆ ನಾವು ಜಾಸ್ತಿ ಯೋಚನೆ ಮಾಡಿದ್ವಿ. ಅದು ಒಳ್ಳೆ ಶಾಖ ಕೊಡತ್ತೆ, ಜ್ವಾಲೆನೂ ನಿಜದ್ದು. ಆದ್ರೆ ಹೊಗೆ ಪೈಪಿನಲ್ಲಿ ನೇರ ಹೊರಗೆ ಹೋಗೋ ಡೈರೆಕ್ಟ್ ವೆಂಟ್ ಅಂದ್ರೆ ಹೊರಗಿನ ಗೋಡೆಗೆ ಪೈಪ್ ತೂತು, ಗ್ಯಾಸ್ ಲೈನ್ ಎಳೆಸ್ಬೇಕು, ಲೈಸೆನ್ಸ್ ಇರೋ ಟೆಕ್ನಿಷಿಯನ್ನೇ ಬರ್ಬೇಕು, ವರ್ಷ ವರ್ಷ ಸರ್ವಿಸ್ ಮಾಡಿಸ್ಬೇಕು. ಈ ಸರ್ವಿಸ್ ವಿಷಯ ಹಗುರವಾಗಿ ತಗೋಬೇಡಿ. ಒಂಟಾರಿಯೊದಲ್ಲಿ ಮನೆಗಳಿಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇಕು ಅನ್ನೋ ಕಾನೂನಿಗೆ ಹಾಕಿನ್ಸ್ ಜಿನ್ಯಾಕ್ ಆಕ್ಟ್ ಅಂತ ಹೆಸರು, 2013ರದ್ದು. 2008ರ ಡಿಸೆಂಬರ್‌ನಲ್ಲಿ ವುಡ್‌ಸ್ಟಾಕ್ ಊರಲ್ಲಿ ಒಂದು ಇಡೀ ಕುಟುಂಬ, ಅಪ್ಪ ಅಮ್ಮ ಇಬ್ರು ಮಕ್ಕಳು, ಮನೇಲಿದ್ದ ಗ್ಯಾಸ್ ಫೈರ್‌ಪ್ಲೇಸಿನ ಹೊಗೆ ಹೋಗೋ ದಾರಿ ಕಟ್ಕೊಂಡು ಮೊನಾಕ್ಸೈಡ್ ಮನೆ ತುಂಬ್ಕೊಂಡು ತೀರ್ಕೊಂಡ್ರು. ಅವರ ನೆನಪಿಗೆ ಇಟ್ಟ ಹೆಸರು ಅದು. ಆ ಅನಿಲಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ. ನೀವು ಗ್ಯಾಸ್ ಹಾಕಿಸಿ ಹಾಕಿಸದೇ ಇರಿ, ಇಡೀ ಮನೆ ಬೆಚ್ಚಗಿಡೋ ಫರ್ನೇಸ್ ಗ್ಯಾಸಿಂದು ಆಗಿದ್ರೂ ಸಾಕು, ಮಲಗೋ ರೂಮಿನ ಹತ್ರ ಅಲಾರಂ ಕೆಲಸ ಮಾಡ್ತಿದೆಯಾ ಅಂತ ಇವತ್ತೇ ಒಂದ್ಸಲ ಒತ್ತಿ ನೋಡಿ, ದಯವಿಟ್ಟು.

ಅಂಗಡಿಗೆ ಹೋದಾಗ ಗೊತ್ತಾಗೋ ದೊಡ್ಡ ವಿಷಯ ಏನಂದ್ರೆ ಬೆಲೆ ಜಾಸ್ತಿ ಆದ್ರೆ ಶಾಖ ಜಾಸ್ತಿ ಆಗಲ್ಲ. ಇಲ್ಲಿ ಸಾಮಾನ್ಯ ಔಟ್‌ಲೆಟ್ 120 ವೋಲ್ಟ್, ಹಾಗಾಗಿ ಅದಕ್ಕೆ ಪ್ಲಗ್ ಹಾಕೋ ಹೀಟರ್ ಯಾವ್ದೇ ಇರ್ಲಿ ಹೆಚ್ಚು ಕಮ್ಮಿ 1500 ವ್ಯಾಟ್‌ಗೆ ನಿಲ್ಲತ್ತೆ, ಇಲ್ಲಿ ಶಾಖ ಅಳೆಯೋ ಲೆಕ್ಕದಲ್ಲಿ ಗಂಟೆಗೆ ಸುಮಾರು 5100 ಬಿಟಿಯು. ಸೂಪರ್‌ಮಾರ್ಕೆಟ್‌ನಲ್ಲಿ ಸಿಗೋ ಪುಟ್ಟ ಸ್ಪೇಸ್ ಹೀಟರ್ ಕೊಡೋದೂ ಅಷ್ಟೇ, ಎರಡು ಸಾವಿರ ಡಾಲರಿನ ಫೈರ್‌ಪ್ಲೇಸ್ ಕೊಡೋದೂ ಅಷ್ಟೇ. ನೀವು ದುಡ್ಡು ಕೊಡ್ತಿರೋದು ಜ್ವಾಲೆ ಎಷ್ಟು ಸಹಜವಾಗಿ ಕಾಣತ್ತೆ, ಫ್ಯಾನ್ ಎಷ್ಟು ಸದ್ದಿಲ್ಲದೆ ಓಡತ್ತೆ, ಗಾಜು ಮತ್ತೆ ತಗಡು ಎಷ್ಟು ಗಟ್ಟಿ, ಇದಕ್ಕೆ. ಜಾಸ್ತಿ ಶಾಖ ಬೇಕೇ ಬೇಕು ಅಂದ್ರೆ 240 ವೋಲ್ಟ್ ಮಾಡೆಲ್ ಇದಾವೆ, ಅದಕ್ಕೆ ಮನೆಯ ಬ್ರೇಕರ್‌ಗಳಿರೋ ಪ್ಯಾನೆಲ್‌ನಿಂದ ಬೇರೆ ಲೈನ್ ಎಳೆಸ್ಬೇಕು.

ಒಂಟಾರಿಯೊದಲ್ಲಿ ಇರೋರಿಗೆ ಒಂದು ಅನುಕೂಲ, ಫೈರ್‌ಪ್ಲೇಸ್ ಮಾಡೋ ಡಿಂಪ್ಲೆಕ್ಸ್ ಕಂಪನಿಯ ಉತ್ತರ ಅಮೆರಿಕಾದ ಆಫೀಸ್ ಇರೋದು ಇಲ್ಲಿನ ಕೇಂಬ್ರಿಡ್ಜ್‌ನಲ್ಲಿ, ನೆಪೋಲಿಯನ್ ಬ್ಯಾರಿ ಊರಿನ ಕಂಪನಿ, ಹಾಗಾಗಿ ಇವರ ಮಾಡೆಲ್‌ಗಳನ್ನ ಶೋರೂಮಲ್ಲಿ ಹಚ್ಚಿ ತೋರಿಸ್ತಾರೆ. ಫೋಟೋ ನೋಡಿ ತಗೋಬೇಡಿ, ಎದುರಿಗೆ ಕೂತು ನೋಡಿ. ಡಿಂಪ್ಲೆಕ್ಸಿನ ಆಪ್ಟಿಮಿಸ್ಟ್ ಅನ್ನೋದು ನೀರನ್ನ ಅಲ್ಟ್ರಾಸೋನಿಕ್‌ನಿಂದ ಮಂಜು ಮಾಡಿ ಅದರ ಮೇಲೆ ಬೆಳಕು ಬಿಡತ್ತೆ, ನೋಡ್ತಿದ್ರೆ ನಿಜವಾಗ್ಲೂ ಹೊಗೆ ಬೆಂಕಿ ಎದ್ದ ಹಾಗೇ ಇರತ್ತೆ, ನನಗೆ ತುಂಬಾ ಇಷ್ಟ ಆಯ್ತು, ಆದ್ರೆ ನೀರು ತುಂಬಿಸ್ತಾ ಇರ್ಬೇಕು, ಗಡಸು ನೀರಾದ್ರೆ ಸುಣ್ಣ ಕಟ್ಟತ್ತೆ. ನಮ್ಮನೇಲಿ ಅಷ್ಟು ಆರೈಕೆ ಮಾಡಕ್ಕೆ ಆಗಲ್ಲ ಅಂತ ಎಲ್‌ಇಡಿ ಜ್ವಾಲೆದು ತಗೊಂಡ್ವಿ. ಯಾವ್ದೇ ತಗೊಳ್ಳಿ, ಹಿಂದೆ ಅಂಟಿಸಿರೋ ಲೇಬಲ್‌ನಲ್ಲಿ ಸಿಎಸ್‌ಎ ಅಥವಾ ಸಿ-ಯುಎಲ್ ತರದ, ಕೆನಡಾದಲ್ಲಿ ಒಪ್ಪಿರೋ ಮಾರ್ಕ್ ಇದೆಯಾ ನೋಡಿ. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗೋ ಕೆಲವಕ್ಕೆ ಅದು ಇರಲ್ಲ, ನಾಳೆ ಏನಾದ್ರೂ ಆದ್ರೆ ಇನ್ಶೂರೆನ್ಸ್‌ನವರ ಮುಂದೆ ಏನ್ ಹೇಳ್ತೀರ.

ಇನ್ನೊಂದು ನೋಡ್ಬೇಕಾದ್ದು ಬಿಸಿಗಾಳಿ ಎಲ್ಲಿಂದ ಬರತ್ತೆ ಅನ್ನೋದು. ಕೆಲವು ಮಾಡೆಲ್‌ನಲ್ಲಿ ಮೇಲಿಂದ, ಕೆಲವದರಲ್ಲಿ ಮುಂದಿಂದ. ಮೇಲೆ ಟಿವಿ ಹಾಕೋ ಆಸೆ ಇದ್ರೆ ಮುಂದಿಂದ ಬರೋದೇ ಬೇಕು, ಎಷ್ಟು ಜಾಗ ಬಿಡ್ಬೇಕು ಅಂತ ಆಯಾ ಮಾಡೆಲ್ ಮ್ಯಾನ್ಯುಯಲ್‌ನಲ್ಲೇ ಕೊಟ್ಟಿರ್ತಾರೆ. ನಮ್ಮನೇಲಿ ಇದರ ಬಗ್ಗೆ ದೊಡ್ಡ ಚರ್ಚೆನೇ ಆಯ್ತು, "ರೀ, ಟಿವಿ ಅಷ್ಟು ಎತ್ತರಕ್ಕೆ ಹೋದ್ರೆ ಅಮ್ಮಂಗೆ ಕತ್ತು ನೋವು ಬರತ್ತೆ, ದಿನಾ ಧಾರಾವಾಹಿ ನೋಡೋರು ಅವ್ರು" ಅಂದ್ಲು ನನ್ನ ಹೆಂಡ್ತಿ, ಅವಳು ಹೇಳಿದ್ದು ಸರಿ, ಟಿವಿ ಬೇರೆ ಗೋಡೇಲೇ ಉಳೀತು. ಫೈರ್‌ಪ್ಲೇಸ್‌ನ ಸೋಫಾದಲ್ಲಿ ಕೂತ್ರೆ ಕಣ್ಣಿಗೆ ಸ್ವಲ್ಪ ಕೆಳಗೆ ಬರೋ ಎತ್ತರಕ್ಕೆ ಹಾಕ್ಸಿದ್ವಿ.

ಇನ್‌ಸ್ಟಾಲೇಶನ್‌ಗೆ ಬರೋಣ. ಇದೇ ಮುಖ್ಯ. 1500 ವ್ಯಾಟ್ ಅಂದ್ರೆ 120 ವೋಲ್ಟ್‌ನಲ್ಲಿ 12.5 ಆಂಪ್. ಮನೆಯ ಸಾಮಾನ್ಯ ಸರ್ಕ್ಯೂಟ್ 15 ಆಂಪ್. ಅದೇ ಲೈನ್‌ನಲ್ಲಿ ಟಿವಿ, ಲ್ಯಾಂಪು, ಸೌಂಡ್‌ಬಾರ್ ಇದ್ದು ಯಾರೋ ವ್ಯಾಕ್ಯೂಮ್ ಹಚ್ಚಿದ್ರೆ ಬ್ರೇಕರ್ ಟಪ್ ಅಂತ ಬೀಳತ್ತೆ, ಬಿದ್ರೆ ಪುಣ್ಯ, ಹಳೇ ಔಟ್‌ಲೆಟ್‌ನಲ್ಲಿ ಸಡಿಲ ಕನೆಕ್ಷನ್ ಇದ್ರೆ ಬ್ರೇಕರ್ ಬೀಳದೇನೇ ಅಲ್ಲೇ ಬಿಸಿಯಾಗ್ತಾ ಇರತ್ತೆ. ಅದಕ್ಕೆ ಪ್ಯಾನೆಲ್‌ನಿಂದ ಇದಕ್ಕೇ ಅಂತ ಬೇರೆ ಲೈನ್ ಹಾಕಿಸಿ. ನಮ್ಮ ಬೇಸ್‌ಮೆಂಟ್‌ನಲ್ಲಿ ಸೀಲಿಂಗ್ ಹಾಕಿಲ್ಲ, ಹಾಗಾಗಿ ಕೆಳಗಿಂದ ಗೋಡೆಯೊಳಗೆ ಕೇಬಲ್ ಏರಿಸೋದು ಎಲೆಕ್ಟ್ರಿಷಿಯನ್‌ಗೆ ಸುಲಭ ಆಯ್ತು. ಬೇಸ್‌ಮೆಂಟ್ ಫಿನಿಶ್ ಮಾಡಿಸೋ ಪ್ಲಾನ್ ಇದ್ರೆ ಈ ಕೆಲಸ ಮೊದ್ಲೇ ಮುಗಿಸ್ಕೊಳ್ಳಿ. ಇಲ್ಲಿ ಹೊಸ ಲೈನ್ ಹಾಕಿದ್ರೆ ಎಲೆಕ್ಟ್ರಿಕಲ್ ಸೇಫ್ಟಿ ಅಥಾರಿಟಿಗೆ, ಅಂದ್ರೆ ಇಎಸ್‌ಎಗೆ ತಿಳಿಸ್ಬೇಕು, ಲೈಸೆನ್ಸ್ ಇರೋ ಕಾಂಟ್ರ್ಯಾಕ್ಟರ್ ಆದ್ರೆ ಅವರೇ ಮಾಡ್ತಾರೆ, ಕೆಲಸ ಮುಗಿದ ಮೇಲೆ ಆ ಸರ್ಟಿಫಿಕೇಟ್ ಕೇಳಿ ಇಸ್ಕೊಂಡು ಮನೆ ಪೇಪರ್ ಜೊತೆ ಇಡಿ. ಪರಿಚಯದೋರು ಯಾರೋ ಕ್ಯಾಶ್‌ಗೆ ಮಾಡ್ಕೊಡ್ತಾರೆ ಅಂದ್ರೆ ಒಪ್ಕೋಬೇಡಿ.

ಫೈರ್‌ಪ್ಲೇಸ್ ಜೊತೆ ಬರೋ ವೈರನ್ನ ಗೋಡೆಯೊಳಗೆ ತೂರಿಸಿ ಕೆಳಗಿನ ಔಟ್‌ಲೆಟ್‌ಗೆ ತರೋ ವಿಡಿಯೋಗಳು ಬೇಜಾನ್ ಇದಾವೆ, ನೋಡಕ್ಕೆ ನೀಟಾಗಿದೆ ಅಂತ ಜನ ಮಾಡ್ತಾರೆ, ಅದು ಕೋಡ್‌ಗೆ ವಿರುದ್ಧ, ಆ ತರದ ಬಳುಕೋ ವೈರ್ ಗೋಡೆಯೊಳಗೆ ಇರೋ ಹಾಗಿಲ್ಲ. ಎಕ್ಸ್‌ಟೆನ್ಷನ್ ಕಾರ್ಡು, ಪವರ್ ಬಾರೂ ಬೇಡ. ವೈರ್ ಕಾಣಬಾರ್ದು ಅಂದ್ರೆ ಯೂನಿಟ್ಟಿನ ಹಿಂದೆ ಗೋಡೆಯೊಳಗೆ ಹುದುಗಿರೋ ಔಟ್‌ಲೆಟ್ ಹಾಕಿಸ್ಬೇಕು, ಅದು ಯಾವ ಮೂಲೇಲಿ ಬರ್ಬೇಕು ಅಂತ ಮ್ಯಾನ್ಯುಯಲ್ ನೋಡೇ ಗುರುತು ಹಾಕಿಸಿ. ಬ್ರ್ಯಾಕೆಟ್ ಸ್ಟಡ್‌ಗೇ ಸ್ಕ್ರೂ ಆಗ್ಬೇಕು, ಬರೀ ಡ್ರೈವಾಲ್ ಅರ್ಧ ಇಂಚು ಜಿಪ್ಸಮ್, ಅದರ ಮೇಲೆ ಇಪ್ಪತ್ತು ಕೆಜಿ ಆಸುಪಾಸಿನ ಗಾಜಿನ ಪೆಟ್ಟಿಗೆ ನೇತಾಡಿಸೋ ಮಾತೇ ಇಲ್ಲ. ಸ್ಟಡ್‌ಗಳು ಸಾಮಾನ್ಯವಾಗಿ 16 ಇಂಚಿಗೊಂದು ಇರ್ತವೆ, ಹಾಗಾಗಿ ಅಗಲವಾದ ಮಾಡೆಲ್‌ಗೆ ಎರಡು ಮೂರು ಸ್ಟಡ್ ಸಿಗತ್ತೆ.

ಈಗ ಬಳಕೆ. ಸಂಜೆ ಹಚ್ಚಿದ್ರೆ ಫ್ಯಾಮಿಲಿ ರೂಮು ಇಪ್ಪತ್ತು ನಿಮಿಷದೊಳಗೆ ಹಿತವಾಗಿ ಬೆಚ್ಚಗಾಗತ್ತೆ. ಆ ರೂಮು ಮಾತ್ರ. ಇಡೀ ಮನೆ ಬೆಚ್ಚಗಾಗ್ಲಿ ಅಂತ ಇದನ್ನ ತಗೋಬೇಡಿ, ಅದಕ್ಕೆ ಫರ್ನೇಸ್ ಇದೆ. ಶಾಖ ಆರಿಸಿ ಬರೀ ಜ್ವಾಲೆ ಹಚ್ಚೋದೂ ಆಗತ್ತೆ, ಅದಕ್ಕೆ ಒಂದು ಸಣ್ಣ ಬಲ್ಬಿನಷ್ಟು ಕರೆಂಟ್ ಸಾಕು, ನಿಜ ಹೇಳ್ಬೇಕಂದ್ರೆ ನಾವು ಹೆಚ್ಚು ಬಳಸೋದು ಹಾಗೇನೇ, ನವೆಂಬರ್‌ನಲ್ಲಿ ಐದು ಗಂಟೆಗೇ ಕತ್ತಲಾಗೋ ಊರಿದು, ಆ ಬೆಳಕು ಮನಸ್ಸಿಗೆ ಎಷ್ಟು ಹಿತ ಅಂತ ಇಲ್ಲಿರೋರಿಗೆ ಗೊತ್ತು. ಸಾಗರದಿಂದ ಬಂದಿದ್ದ ಅತ್ತೆ ಮೊದಲನೇ ದಿನವೇ ಅದರ ಮುಂದೆ ಕುರ್ಚಿ ಎಳ್ಕೊಂಡು, ಬಚ್ಚಲೊಲೆ ಮುಂದೆ ಕೂತ ಹಾಗಾಯ್ತು ಕಣೋ ಅಂದ್ರು.

ಹೈಡ್ರೋ ಬಿಲ್, ಅಂದ್ರೆ ಕರೆಂಟ್ ಬಿಲ್ ಎಷ್ಟು ಬರತ್ತೆ ಅಂತ ಎಲ್ರೂ ಕೇಳ್ತಾರೆ. ಲೆಕ್ಕ ಸುಲಭ, ನಾಲ್ಕು ಗಂಟೆ ಪೂರ್ತಿ ಶಾಖದಲ್ಲಿ ಓಡಿಸಿದ್ರೆ 6 ಯೂನಿಟ್. 2024ರ ನವೆಂಬರ್‌ನಿಂದ ಇದ್ದ, ಹೊತ್ತಿಗೆ ತಕ್ಕ ಹಾಗೆ ಬದಲಾಗೋ ಟೈಮ್ ಆಫ್ ಯೂಸ್ ರೇಟ್‌ನಲ್ಲಿ ಬೇಡಿಕೆ ಕಮ್ಮಿ ಇರೋ ಆಫ್ ಪೀಕ್ ಹೊತ್ತಲ್ಲಿ ಯೂನಿಟ್‌ಗೆ 7.6 ಸೆಂಟ್, ಅಂದ್ರೆ ಸುಮಾರು 46 ಸೆಂಟ್, ಬೇಡಿಕೆ ಜಾಸ್ತಿ ಇರೋ ಆನ್ ಪೀಕ್ ಹೊತ್ತಲ್ಲಿ 15.8 ಸೆಂಟ್, ಅದರಲ್ಲಿ ಓಡಿಸಿದ್ರೆ 95 ಸೆಂಟ್ ಹತ್ರ, ಇದರ ಮೇಲೆ ಡೆಲಿವರಿ ಚಾರ್ಜು ಟ್ಯಾಕ್ಸು ಬೇರೆ. ರೇಟ್ ಪ್ರತಿ ನವೆಂಬರ್‌ನಲ್ಲಿ ಬದಲಾಗತ್ತೆ, ಹೊಸದು ನೋಡ್ಕೊಳ್ಳಿ. ಚಳಿಗಾಲದಲ್ಲಿ ವಾರದ ದಿನ ಸಂಜೆ 5ರಿಂದ 7 ಆನ್ ಪೀಕ್, 7ರ ಮೇಲೆ ಆಫ್ ಪೀಕ್, ಶನಿವಾರ ಭಾನುವಾರ ಇಡೀ ದಿನ ಆಫ್ ಪೀಕ್. ನಾವು ಊಟ ಮುಗಿಸಿ ಏಳರ ಮೇಲೇ ಶಾಖ ಹಚ್ಚೋದು, ಅಲ್ಲೀವರೆಗೂ ಬರೀ ಜ್ವಾಲೆ.

ಯಾವ ಸೇಲ್ಸ್‌ಮನ್ನೂ ಹೇಳದ ಒಂದು ವಿಷಯ ಥರ್ಮೋಸ್ಟಾಟ್. ನಮ್ಮದು ಫ್ಯಾಮಿಲಿ ರೂಮಿನ ಪಕ್ಕದ ಗೋಡೇಲೇ ಇದೆ. ಫೈರ್‌ಪ್ಲೇಸ್ ರೂಮ್ ಬೆಚ್ಚಗೆ ಮಾಡ್ತಿದ್ದ ಹಾಗೆ ಥರ್ಮೋಸ್ಟಾಟ್ ಮನೆಯೆಲ್ಲಾ ಬೆಚ್ಚಗಿದೆ ಅಂದ್ಕೊಂಡು ಫರ್ನೇಸ್ ನಿಲ್ಲಿಸ್ಬಿಡತ್ತೆ, ಮೇಲೆ ಮಗು ಮಲಗಿರೋ ರೂಮು ತಣ್ಣಗಾಗ್ತಾ ಹೋಗತ್ತೆ. ಇದಕ್ಕೆ ಬೇರೆ ರೂಮಲ್ಲಿ ಸೆನ್ಸರ್ ಇಡೋ ಅನುಕೂಲ ಇರೋ ಥರ್ಮೋಸ್ಟಾಟ್ ಬೇಕು, ನಾವು ಟೊರೊಂಟೊ ಕಂಪನಿ ಎಕೋಬೀದು ಹಾಕ್ಸಿ ಒಂದು ಸೆನ್ಸರ್ ಮಗು ರೂಮಲ್ಲಿಟ್ವಿ, ಸಂಜೆ ಮೇಲೆ ಆ ಸೆನ್ಸರ್ ನೋಡೇ ಫರ್ನೇಸ್ ಓಡೋ ಹಾಗೆ ಸೆಟ್ ಮಾಡಿದೀವಿ. ಅಲ್ಲಿಗೆ ಸರಿಹೋಯ್ತು.

ಮುಂದಿನ ಗಾಜು ಕೈ ಸುಡೋಷ್ಟು ಕಾಯಲ್ಲ, ಆದ್ರೆ ಬಿಸಿಗಾಳಿ ಬರೋ ಜಾಲರಿ ಕಾಯತ್ತೆ, ಅಂಬೆಗಾಲಿಡೋ ಮಕ್ಕಳಿದ್ರೆ ಅವರ ಕೈಗೆ ಸಿಗದ ಎತ್ತರದಲ್ಲಿ ಹಾಕ್ಸಿ. ಪ್ರತಿ ವರ್ಷ ಚಳಿ ಶುರುವಾದಾಗ ಮೊದಲ್ಸಲ ಹಚ್ಚಿದ್ರೆ ಕೂತಿರೋ ಧೂಳು ಸುಟ್ಟ ವಾಸನೆ ಬರತ್ತೆ, ಪ್ಲಗ್ ತೆಗೆದು ವ್ಯಾಕ್ಯೂಮ್‌ನಿಂದ ಜಾಲರಿಯ ಧೂಳು ಎಳೆದ್ರೆ ಕಮ್ಮಿ ಆಗತ್ತೆ. ಆಮೇಲೆ ಜ್ವಾಲೆ ಕುಣಿಸೋಕೆ ಒಳಗೆ ಒಂದು ಸಣ್ಣ ಮೋಟಾರ್ ತಿರುಗ್ತಾ ಇರತ್ತೆ, ನಮ್ದರಲ್ಲಿ ಅದು ವಾರಂಟಿ ಮುಗಿಯೋ ಹೊತ್ತಿಗೆ ಕಿರ್ ಕಿರ್ ಅನ್ನಕ್ಕೆ ಶುರುವಾಯ್ತು. ಕಂಪನಿಯವರು ಮೋಟಾರ್ ಫ್ರೀಯಾಗಿ ಕಳಿಸಿದ್ರು, ಹಾಕೋಕೆ ಜನ ಕಳಿಸಲ್ಲ ಅಂದ್ರು, ಗೋಡೆಯಿಂದ ಇಳಿಸಿ ಹಾಕ್ಸೋ ಖರ್ಚು ನಮ್ಮದೇ ಆಯ್ತು. ತಗೊಳೋ ಮುಂಚೆನೇ ವಾರಂಟಿಯಲ್ಲಿ ಲೇಬರ್ ಸೇರಿದೆಯಾ, ಬಿಡಿಭಾಗ ಕೆನಡಾದಲ್ಲೇ ಸಿಗತ್ತಾ ಅಂತ ಕೇಳಿ, ಗೋಡೆಗೆ ಹಾಕೋ ವಸ್ತುವಿಗೆ ಇದು ತುಂಬಾ ಮುಖ್ಯ.

ಕರೆಂಟ್ ಹೋದ್ರೆ ಇದು ಸುಮ್ನೆ ಒಂದು ಕಪ್ಪು ಗಾಜು ಅಷ್ಟೇ, ಬ್ಲೋವರ್ ಓಡಲ್ಲ ಅಂತ ಗ್ಯಾಸ್ ಫರ್ನೇಸೂ ನಿಲ್ಲತ್ತೆ. ಮಿಲ್ಟನ್‌ನಲ್ಲಿ ನಮಗೆ ಕರೆಂಟ್ ಹೋದ್ರೂ ಬೇಗ ಬರತ್ತೆ, ಅದಕ್ಕೆ ನಡೀತಿದೆ. ಆದ್ರೆ 2025ರ ಮಾರ್ಚ್ ಕೊನೇಲಿ ಒರಿಲಿಯಾ, ಬ್ಯಾರಿ, ಪೀಟರ್‌ಬರೊ ಕಡೆ ಐಸ್ ಸ್ಟಾರ್ಮ್ ಬಂದು ಮರಗಳು ತಂತಿ ಮೇಲೆ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ದೆ ಜನ ಒದ್ದಾಡಿದ್ರು. ನೀವು ಆ ಕಡೆ ಮನೆ ಮಾಡಿದ್ರೆ, ಹೊರಗಿನ ಗೋಡೇಲಿ ಜಾಗನೂ ಇದ್ರೆ, ಈ ಎಲೆಕ್ಟ್ರಿಕ್ ಬಿಟ್ಟು ಕರೆಂಟ್ ಇಲ್ದೇನೂ ಹೊತ್ತಿಕೊಳ್ಳೋ ಡೈರೆಕ್ಟ್ ವೆಂಟ್ ಗ್ಯಾಸ್ ಮಾಡೆಲ್‌ನೇ ಕೇಳಿ ಹಾಕ್ಸಿ, ವರ್ಷಕ್ಕೊಂದ್ಸಲ ವೆಂಟ್ ಚೆಕ್ ಮಾಡಿಸೋದನ್ನ ಮಾತ್ರ ತಪ್ಪಿಸ್ಬೇಡಿ, ಹೊರಗೆ ಹಿಮ ಬಿದ್ದಾಗೆಲ್ಲ ಪೈಪಿನ ಬಾಯಿ ಮುಚ್ಚಿಲ್ಲ ತಾನೇ ಅಂತ ಹೋಗಿ ನೋಡ್ಕೊಳ್ಳಿ.