ಬಿದರಿ ಮೇಣದಬತ್ತಿ ಸ್ಟ್ಯಾಂಡ್: ಕುಸುರಿಯನ್ನು ಬದಿಗಿಟ್ಟು ನೋಡಿದಾಗ

ಬೀದರ್ ಹಳೆಯ ಪೇಟೆಯಲ್ಲಿ, ಚೌಬಾರಾ ಗೋಪುರದ ಸಮೀಪದ ಒಂದು ಅಂಗಡಿಯಲ್ಲಿ ಕೊಂಡ ಗೇಣುದ್ದದ ಬಿದರಿ ಸ್ಟ್ಯಾಂಡನ್ನು ಈ ಬೇಸಿಗೆಯಲ್ಲಿ ಕರೆಂಟು ಹೋದಾಗಲೆಲ್ಲ ಬಳಸಿದ್ದೇನೆ. ಬಿದರಿ ಸಾಮಾನನ್ನು ಷೋಕೇಸಿನಲ್ಲಿಟ್ಟು ನೋಡುವುದೇ ನಮ್ಮಲ್ಲಿ ವಾಡಿಕೆಯಾದ್ದರಿಂದ, ಮನೆಯೊಳಗೆ ಉರಿಯುವ ಬತ್ತಿಯನ್ನು ಹೊತ್ತು ನಿಲ್ಲಲು ಅದು ಎಷ್ಟು ಯೋಗ್ಯ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಇದರ ದೊಡ್ಡ ಗುಣ ತೂಕ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಎಂಬ ಲವಣದಿಂದ ಕಪ್ಪಾಗಿಸಿದ ಈ ವಸ್ತುವಿನ ಬುಡ ಅಗಲವಾಗಿಯೂ ಭಾರವಾಗಿಯೂ ಇರುವುದರಿಂದ, ಮೊಣಕೈ ತಾಗಿದರೂ ಅದು ಸುಲಭಕ್ಕೆ ಉರುಳುವುದಿಲ್ಲ. 2006ರಲ್ಲಿ ಬಿದರಿಗೆ ದೊರೆತ ಭೌಗೋಳಿಕ ಸೂಚಕದ ಮಾನ್ಯತೆ ಅದರ ಊರಿಗೆ ಸಾಕ್ಷಿಯೇ ಹೊರತು ಬೆಂಕಿಯ ಸುರಕ್ಷತೆಗಲ್ಲ. ಆದ್ದರಿಂದ ಕೊಳ್ಳುವಾಗ ಬುಡವನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು ಅಲುಗಾಡುತ್ತದೆಯೇ ಎಂದು ನೋಡಿಕೊಳ್ಳಬೇಕು. ನಾನು ಅದನ್ನು ಪರದೆ, ಪುಸ್ತಕಗಳಿಂದ ಕನಿಷ್ಠ 30 ಸೆಂ.ಮೀ. ದೂರದಲ್ಲಿ, ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಇಡುತ್ತೇನೆ.

ಕೊರತೆ ಇರುವುದು ಬತ್ತಿ ಕೂರುವ ಕುಳಿಯಲ್ಲಿ. ಕಿರಾಣಿ ಅಂಗಡಿಯ ತೆಳ್ಳನೆಯ ಬಿಳಿ ಮೇಣದಬತ್ತಿಗೆ ಅದು ದೊಡ್ಡದು. ಹೀಗಾದಾಗ ಬುಡಕ್ಕೆ ಕಾಗದ ಸುತ್ತಿ ಬಿಗಿ ಮಾಡುವವರುಂಟು. ಆದರೆ ಬತ್ತಿ ಮುಗಿಯುತ್ತ ಬಂದಾಗ ಮೇಣ ಹೀರಿಕೊಂಡ ಆ ಕಾಗದವೇ ಇನ್ನೊಂದು ಬತ್ತಿಯಂತೆ ಹೊತ್ತಿಕೊಳ್ಳುತ್ತದೆ. ಕುಳಿಯೊಳಗೆ ಕರಗಿದ ಮೇಣದ ನಾಲ್ಕು ಹನಿ ಬಿಟ್ಟು, ಮೇಣದಬತ್ತಿಯನ್ನು ನೆಟ್ಟಗೆ ಒತ್ತಿ, ಅದು ಗಟ್ಟಿಯಾಗುವವರೆಗೆ ಹಿಡಿದರೆ ಸಾಕು. ಲೋಹಕ್ಕೆ ಶಾಖ ಬೇಗ ಇಳಿಯುವುದರಿಂದ ಎರಡು ಅಂಗುಲ ಉಳಿದಾಗಲೇ ಆರಿಸುವುದು ಲೇಸು.

ಹನಿ ಹಿಡಿಯುವ ತಟ್ಟೆಯೂ ಕಿರಿದು. ಗಾಳಿಯಿಲ್ಲದ ಕೋಣೆಯಲ್ಲಿ ಇದು ತೊಂದರೆಯೇ ಅಲ್ಲ. ಮೇಣದಿಂದ ಹೊರಗೆ ಚಾಚಿದ ನೂಲಿನ ತುದಿಯನ್ನು ಸುಮಾರು 6 ಮಿ.ಮೀ.ಗೆ ಕತ್ತರಿಸಿ ಹಚ್ಚಿದರೆ ಜ್ವಾಲೆ ಚಿಕ್ಕದಾಗಿ, ಹೊಗೆ ಕಡಿಮೆಯಾಗಿ ಉರಿಯುತ್ತದೆ. ಆದರೆ ಕರೆಂಟು ಬಂದ ಗಳಿಗೆಯಲ್ಲಿ, ಸ್ವಿಚ್ಚು ಹಾಕಿಯೇ ಇದ್ದ ಫ್ಯಾನು ತಾನಾಗಿ ತಿರುಗತೊಡಗುತ್ತದೆ, ಮನೆಮಂದಿ ಟಿ.ವಿ.ಯ ಕಡೆ ತಿರುಗುತ್ತಾರೆ, ಜ್ವಾಲೆ ಒಂದೇ ಪಕ್ಕಕ್ಕೆ ವಾಲಿ ಆ ಬದಿಯ ಮೇಣವೆಲ್ಲ ತಟ್ಟೆ ದಾಟಿ ಬೆಳ್ಳಿಯ ಬಳ್ಳಿಯ ಮೇಲೆ ಇಳಿಯುತ್ತದೆ. ಕಡ್ಡಿ ಗೀರುವ ಮೊದಲೇ ಫ್ಯಾನಿನ ಸ್ವಿಚ್ಚು ಆರಿಸುವುದು ಇದಕ್ಕೆ ಮದ್ದು.

ಇಳಿದ ಮೇಣವನ್ನು ಚಾಕುವಿನಿಂದ ಕೆರೆಯಬಾರದು. ಬೆಳ್ಳಿಯ ಕೆಲಸಕ್ಕೆ ಗೀರು ಬೀಳುತ್ತದೆ. ಪೂರ್ತಿ ತಣಿದ ಮೇಲೆ ಉಗುರಿನಿಂದ ಎಬ್ಬಿಸಿ, ಎಣ್ಣೆ ಸೋಕಿಸಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಕಪ್ಪು ಬಣ್ಣ ಮತ್ತೆ ಹೊಳೆಯುತ್ತದೆ. ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುವ ದಿನಗಳಲ್ಲಿ ಮೇಣದಬತ್ತಿಯನ್ನು ಸ್ಟ್ಯಾಂಡಿನಲ್ಲೇ ಬಿಟ್ಟರೆ ಮೆತ್ತಗಾಗಿ ಬಾಗುತ್ತದೆ, ಬಾಗಿದ್ದು ಮತ್ತೆ ನೆಟ್ಟಗೆ ಉರಿಯದು; ತಂಪು ಜಾಗದಲ್ಲಿ ಡಬ್ಬಿಯೊಳಗೆ ಮಲಗಿಸಿ ಇಡಬೇಕು.

ಬೆಲೆ ಪೇಟೆಯ ಉಕ್ಕಿನ ಸ್ಟ್ಯಾಂಡಿಗಿಂತ ಬಹಳ ಹೆಚ್ಚು. ಕೈಕೆಲಸಕ್ಕೆ ಅದು ನ್ಯಾಯವೇ, ಆದರೂ ಅಗಲ ತಟ್ಟೆಯ ಮಾದರಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಜೋಡಿ ಕೊಳ್ಳುವವರು ಎರಡರ ನಡುವೆ ಅಂಗೈ ಅಗಲವಾದರೂ ಜಾಗ ಬಿಡಬೇಕು, ಇಲ್ಲದಿದ್ದರೆ ಒಂದರ ಕಾವಿಗೆ ಇನ್ನೊಂದು ಪಕ್ಕದಿಂದ ಕರಗುತ್ತದೆ.